ಬಿಚ್ಚಿದ ಭಾರ, ಉಳಿದ ಭಾರ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನಿಗೆ ದೂರದರ್ಶಕದ ಗೊಡವೆ ಏಕೆ ಎಂದು ತಾವು ಕೇಳಬಹುದು. ನಮ್ಮ ಶಾಲೆಯ ವಿಜ್ಞಾನ ಸಂಘದ ಮಕ್ಕಳು ಒಂದು ಇಂಗ್ಲಿಷ್ ಬರಹವನ್ನು ತಂದು, ಇದನ್ನು ಕನ್ನಡಕ್ಕೂ ಉರ್ದುವಿಗೂ ಮಾಡಿಕೊಡಿ ಸರ್ ಎಂದು ಕೇಳಿದರು. ದೊಡ್ಡ ದೂರದರ್ಶಕದಿಂದ ಭಾರವಾದ ಉಪಕರಣವನ್ನು ಬಿಚ್ಚಿ ಕೆಳಗಿಳಿಸುವಾಗ ಕೆಲಸಗಾರರು ಹೇಗೆ ಎಚ್ಚರ ವಹಿಸಬೇಕು ಎಂಬುದು ಅದರ ವಿಷಯ. ಅನುವಾದ ಮಾಡುತ್ತ ಹೋದಂತೆ ನನಗೆ ಆಕಾಶ ಮರೆತುಹೋಯಿತು. ವಾಡಿಯ ಸಿಮೆಂಟ್ ಕಾರ್ಖಾನೆ, ಶಹಾಬಾದದ ಫರಸಿ ಗಣಿ, ನಮ್ಮಲ್ಲಿ ಓದಿ ಐಟಿಐ ಮುಗಿಸಿ ಗುತ್ತಿಗೆ ಕೆಲಸಕ್ಕೆ ಹೋಗುವ ಹುಡುಗರು ಕಣ್ಣ ಮುಂದೆ ಬಂದರು. ಆದ್ದರಿಂದ ಇಂದು ಅದನ್ನೇ ಹೇಳುತ್ತೇನೆ.

ದೂರದರ್ಶಕಕ್ಕೆ ಉರ್ದುವಿನಲ್ಲಿ ದೂರ್ಬೀನ್ ಎನ್ನುತ್ತೇವೆ. ನಮ್ಮ ಭಾಗದ ಹಿರಿಯರು ಕನ್ನಡದಲ್ಲಿಯೂ ದುರ್ಬೀನು ಎಂದೇ ಅನ್ನುತ್ತಾರೆ. ಅದು ನಮಗೆ ಪರಕೀಯ ವಸ್ತುವಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕುಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗ್ ಅವರು 15 ಇಂಚಿನ ದೂರದರ್ಶಕವನ್ನು ತರಿಸಿ ವೇಧಶಾಲೆಗೆ ಅಡಿಪಾಯ ಹಾಕಿದ್ದರು. ಅದೇ ಮುಂದೆ ನಿಜಾಮಿಯಾ ವೇಧಶಾಲೆ ಎಂದು ಹೆಸರಾಯಿತು. ಅಲ್ಲಿ ಸಹಾಯಕರಾಗಿದ್ದ ಒಬ್ಬರ ಮಗ ಚಿಕ್ಕಂದಿನಿಂದ ನಕ್ಷತ್ರ ನೋಡುತ್ತ ಬೆಳೆದು, ನಿಜಾಮ್ ಕಾಲೇಜಿನಲ್ಲಿ ಓದಿ, ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಹಾರ್ವರ್ಡಿಗೆ ಹೋದರು. 1949ರಲ್ಲಿ ಅಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದರು. ಅವರೇ ವೇಣು ಬಾಪು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು, ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ವೇಧಶಾಲೆ ತೆರೆದವರು. ಅಲ್ಲಿನ 2.34 ಮೀಟರ್ ಅಗಲದ ಕನ್ನಡಿಯ ದೂರದರ್ಶಕ ಪೂರ್ಣವಾಗುವ ಮೊದಲೇ, 1982ರಲ್ಲಿ ಅವರು ತೀರಿಕೊಂಡರು. 1986ರ ಜನವರಿಯಲ್ಲಿ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು.

ಆ ಕನ್ನಡಿಯೊಂದೇ ಸುಮಾರು ಮೂರೂವರೆ ಟನ್. ಅಂದರೆ 50 ಕಿಲೋದ 70 ಸಿಮೆಂಟ್ ಚೀಲ. ಕನ್ನಡಿಯ ನಡುವೆ ಒಂದು ರಂಧ್ರವಿರುತ್ತದೆ. ಬೆಳಕು ಅದರೊಳಗಿಂದ ಹಿಂಬದಿಗೆ ಬರುತ್ತದೆ. ಅಲ್ಲಿ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ ರೋಹಿತಮಾಪಕ, ಕ್ಯಾಮೆರಾ ಮುಂತಾದವನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಇಂಥ ಒಂದೊಂದು ಉಪಕರಣ ನೂರಾರು ಕಿಲೋ ತೂಗಬಹುದು. ಒಂದನ್ನು ಬಿಚ್ಚಿ ಇನ್ನೊಂದನ್ನು ಕಟ್ಟುವ ಕೆಲಸ ವೇಧಶಾಲೆಗಳಲ್ಲಿ ಮತ್ತೆ ಮತ್ತೆ ಬರುವಂಥದ್ದು. ಕನ್ನಡಿಯ ಮೇಲಿನ ಅಲ್ಯೂಮಿನಿಯಂ ಲೇಪ ಮಾಸಿದಾಗ ಕನ್ನಡಿಯನ್ನೇ ಬಿಚ್ಚಿ ಇಳಿಸಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟು ದೊಡ್ಡ ಕೊಳವೆಯನ್ನು ನಕ್ಷತ್ರದ ಹಿಂದೆ ನಿಧಾನವಾಗಿ ತಿರುಗಿಸಲು ದೊಡ್ಡ ಮೋಟಾರು ಬೇಕಿಲ್ಲ. ಏಕೆಂದರೆ ಇಡೀ ಕೊಳವೆ ತನ್ನ ಅಕ್ಷದ ಮೇಲೆ ತಕ್ಕಡಿಯಂತೆ ಸಮತೂಕದಲ್ಲಿರುತ್ತದೆ. ಹಿಂದಿನ ಉಪಕರಣದ ಭಾರಕ್ಕೆ ಸರಿಯಾಗಿ ಮುಂದೆ ಎದುರು ಭಾರ ಕಟ್ಟಿರುತ್ತಾರೆ. ಉರ್ದುವಿನಲ್ಲಿ ಪಾಸಂಗ್ ಎಂಬ ಮಾತಿದೆ: ತರಾಜುವಿನ ಎರಡು ತಟ್ಟೆಗಳು ಸಮವಾಗಲೆಂದು ಹಗುರವಾದ ಬದಿಗೆ ಕಟ್ಟುವ ಸಣ್ಣ ತೂಕ. ದೂರದರ್ಶಕದ ಎದುರು ಭಾರವೂ ಒಂದು ದೊಡ್ಡ ಪಾಸಂಗ್ ಅಷ್ಟೇ. ತಕ್ಕಡಿಯ ಬಗ್ಗೆ ನಮ್ಮ ಹಳೆಯ ವಿದ್ವಾಂಸರು ಎಷ್ಟು ತಲೆ ಕೆಡಿಸಿಕೊಂಡಿದ್ದರೆಂದರೆ, ಮರ್ವ್ ನಗರದ ಅಲ್-ಖಾಜಿನಿ 1121ರಲ್ಲಿಯೇ 'ಮೀಜಾನ್ ಅಲ್-ಹಿಕ್ಮಾ' ಎಂಬ ಇಡೀ ಗ್ರಂಥವನ್ನು ಅದರ ಮೇಲೆ ಬರೆದರು. ಒಂದು ತೂಕ ಎಷ್ಟು ಎಂಬುದರ ಜೊತೆಗೆ ಅದು ಆಧಾರದಿಂದ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಈ ಪಾಠ ನೆನಪಿರಬೇಕು. ಇಲ್ಲದಿದ್ದರೆ ನಿಮ್ಮ ವಿಜ್ಞಾನ ಶಿಕ್ಷಕರು ಇಲ್ಲಿಯೇ ಕುಳಿತಿದ್ದಾರೆ.

ಒಂದು ಲೆಕ್ಕ ಮಾಡೋಣ. ಅಕ್ಷದಿಂದ ಎರಡು ಮೀಟರ್ ಹಿಂದೆ 200 ಕಿಲೋದ ಉಪಕರಣವಿದೆ ಎಂದಿಟ್ಟುಕೊಳ್ಳಿ. ಅದಕ್ಕೆ ಸಮನಾಗಿ ಮುಂದೆ ನಾಲ್ಕು ಮೀಟರ್ ದೂರದಲ್ಲಿ 100 ಕಿಲೋ ಕಟ್ಟಿದ್ದಾರೆ. ಕೊಳವೆ ಅಡ್ಡವಾಗಿದೆ, ಅಲುಗಾಡದೆ ನಿಂತಿದೆ. ನಾಲ್ಕು ಜನ ಹೋಗಿ ಉಪಕರಣದ ಬೋಲ್ಟ್ ಬಿಚ್ಚುತ್ತಾರೆ. ಅವರೆಲ್ಲರ ಗಮನ ಆ 200 ಕಿಲೋದ ಮೇಲೆ: ಹಗ್ಗ ಗಟ್ಟಿ ಇದೆಯೇ, ಚೈನ್ ಪುಲ್ಲಿ ಸರಿ ಇದೆಯೇ, ಕೈ ಜಾರೀತೇ. ಕೊನೆಯ ಬೋಲ್ಟ್ ಕಳಚಿದ ಕ್ಷಣದಲ್ಲಿ ಮುಂದಿನ ಬದಿ ಒಂಟಿಯಾಗುತ್ತದೆ. ಅಕ್ಷದಿಂದ ಒಂದು ಮೀಟರ್ ದೂರದಲ್ಲಿ ಎಂಟು ಸಿಮೆಂಟ್ ಚೀಲಗಳನ್ನು ಒಮ್ಮೆಲೇ ತೂಗುಹಾಕಿದರೆ ಎಷ್ಟು ಜಗ್ಗುತ್ತದೆಯೋ ಅಷ್ಟು ಬಲದಿಂದ ಮುಂದಿನ ತುದಿ ಕೆಳಕ್ಕೆ ಬರುತ್ತದೆ, ಹಿಂದಿನ ತುದಿ ಮೇಲಕ್ಕೆ ಚಿಮ್ಮುತ್ತದೆ. ಸಮತೂಕದಲ್ಲಿರುವ ಕೊಳವೆಯನ್ನು ತಿರುಗಿಸಲೆಂದು ಮಾಡಿದ ಹಲ್ಲುಚಕ್ರ ಮತ್ತು ಬ್ರೇಕು ಆ ಜಗ್ಗುವಿಕೆಗೆ ನಿಲ್ಲುತ್ತವೆ ಎಂದು ನಂಬಲಾಗದು.

ಬಿಚ್ಚಿದ ಭಾರವನ್ನು ಎಲ್ಲರೂ ನೋಡುತ್ತಾರೆ. ಉಳಿದ ಭಾರವನ್ನು ನೋಡುವವರು ಕಡಿಮೆ.

ಕೊಳವೆಯನ್ನು ನೆಟ್ಟಗೆ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರೆ ಅಪಾಯ ಹೋಯಿತೇ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹಾಗೆ ನಿಲ್ಲಿಸಿದಾಗ ಉಪಕರಣ ನೇರವಾಗಿ ಕೆಳಗೆ ಬರುತ್ತದೆ, ಗಾಲಿಯ ಮೇಜನ್ನು ಅದರಡಿಗೆ ತಂದು ಇಳಿಸಿಕೊಳ್ಳುವುದು ಸುಲಭ. ಆದರೆ ಕೆಳಗಿನ ಭಾರ ಹೋದ ಮೇಲೆ ಕೊಳವೆಯ ತಲೆ ಭಾರವಾಗುತ್ತದೆ. ಪೆನ್ಸಿಲನ್ನು ತುದಿಯ ಮೇಲೆ ನಿಲ್ಲಿಸಿದ ಸ್ಥಿತಿ ಅದು. ನಿಂತಿರುವಂತೆಯೇ ಕಾಣುತ್ತದೆ, ಯಾರೋ ಒಬ್ಬರು ಭುಜ ತಾಗಿಸಿದರೆ ವಾಲಲು ಆರಂಭಿಸುತ್ತದೆ, ವಾಲಿದಷ್ಟೂ ಜೋರಾಗುತ್ತದೆ. ಆದ್ದರಿಂದ ಮೊದಲು ಅಕ್ಷಕ್ಕೆ ಉಕ್ಕಿನ ಗೂಟ ಹಾಕಿ ಬಂಧಿಸಬೇಕು. ಬ್ರೇಕು ಹಿಡಿದಿದೆ ಎಂಬ ಭರವಸೆ ಸಾಲದು. ಆಮೇಲೆ ವಿದ್ಯುತ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಳಗೆ ಕೆಲಸ ಮಾಡುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಅದಾದ ಮೇಲೆ ಪಾನಾ ಕೈಗೆ. ಉಪಕರಣದ ಭಾರವನ್ನು ಕೆಳಗಿನ ಮೇಜು ಹೊತ್ತುಕೊಂಡ ನಂತರವೇ ಕೊನೆಯ ಬೋಲ್ಟುಗಳು. ಜಾಕನ್ನು ಅತಿಯಾಗಿ ಏರಿಸಿದರೆ ದೂರದರ್ಶಕವನ್ನೇ ಮೇಲಕ್ಕೆ ನೂಕಿದಂತಾಗುತ್ತದೆ, ಅದನ್ನೂ ನೋಡಿಕೊಳ್ಳಬೇಕು. ತೆಗೆದ ಭಾರದ ಜಾಗಕ್ಕೆ ಅಷ್ಟೇ ತೂಕದ ಕಬ್ಬಿಣ ಕಟ್ಟಬೇಕು, ಇಲ್ಲವೇ ಮುಂದಿನ ಪಾಸಂಗನ್ನು ಇಳಿಸಬೇಕು. ಅಲ್ಲಿಯವರೆಗೆ ಗೂಟ ಕೀಳುವಂತಿಲ್ಲ.

ಸಣ್ಣ ಸಂಗತಿಗಳೂ ಇವೆ. ಕೈಗಡಿಯಾರ, ಉಂಗುರ, ಜೇಬಿನ ಪೆನ್ನು ತೆಗೆದಿಟ್ಟು ಹೋಗಬೇಕು. ಮೇಲಿನಿಂದ ಒಂದು ಪಾನಾ ಬಿದ್ದರೆ ಕನ್ನಡಿ ಹಾಳು, ಇಲ್ಲವೇ ಕೆಳಗಿರುವವನ ತಲೆ. ಕ್ಯಾಮೆರಾವನ್ನು ತಣ್ಣಗಿಡಲು ದ್ರವ ಸಾರಜನಕ ತುಂಬಿದ್ದರೆ ಅದರ ತಾಪ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಚರ್ಮ ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂದು ಲೀಟರ್ ಚೆಲ್ಲಿದರೆ ಸುಮಾರು 700 ಲೀಟರ್ ಅನಿಲವಾಗಿ ಮುಚ್ಚಿದ ಕೋಣೆಯ ಗಾಳಿಯನ್ನು ಹೊರದೂಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಉಸಿರುಗಟ್ಟುವುದು ಗೊತ್ತಾಗುವ ಮೊದಲೇ ಮನುಷ್ಯ ಬೀಳುತ್ತಾನೆ.

ನಮ್ಮ ರಾಜ್ಯದ ಹೊಸಕೋಟೆಯಲ್ಲಿ ಇದೇ ಖಭೌತ ಸಂಸ್ಥೆಯ ಒಂದು ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಚಂದ್ರಾ ದೂರದರ್ಶಕವನ್ನು ಅಲ್ಲಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. ಯೋಚನೆ ಮಾಡಿ: ಗುಂಡಿ ಒತ್ತುವವನು ಹೊಸಕೋಟೆಯಲ್ಲಿ, ಯಂತ್ರದ ಕೆಳಗೆ ಪಾನಾ ಹಿಡಿದವನು ಹಾನ್ಲೆಯಲ್ಲಿ. ಒಬ್ಬನಿಗೊಬ್ಬ ಕಾಣುವುದಿಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮಲ್ಲಿನ ಐದರಲ್ಲಿ ಮೂರು ಪಾಲು ಮಾತ್ರ; ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬುದ್ಧಿಯೂ ಮಂದ. ಇಂಥಲ್ಲಿ 'ನಾನು ಫೋನಿನಲ್ಲಿ ಹೇಳಿದ್ದೆನಲ್ಲ' ಎಂಬ ಮಾತು ಯಾರ ಜೀವವನ್ನೂ ಕಾಯದು. ಜೇಬಿನಲ್ಲಿರುವ ಬೀಗದ ಕೈ ಕಾಯುತ್ತದೆ.

ವಿದ್ಯುತ್ ತೆಗೆದರೂ ಆಯಿತೆನ್ನುವಂತಿಲ್ಲ. 1987ರ ಏಪ್ರಿಲ್ 30ರ ಸಂಜೆ ಅಮೆರಿಕದ ಕಿಟ್ ಪೀಕ್ ವೇಧಶಾಲೆಯಲ್ಲಿ ಮಾರ್ಕ್ ಆರನ್ಸನ್ ಎಂಬ ಹೆಸರಾಂತ ಖಗೋಳ ವಿಜ್ಞಾನಿ ಮೋಡ ನೋಡಲೆಂದು ಗುಮ್ಮಟದ ಬಾಗಿಲು ತೆರೆದು ಹೊರಗೆ ಇಣುಕಿದರು. ಬಾಗಿಲು ತೆರೆದರೆ ಗುಮ್ಮಟ ತಿರುಗಿಸುವ ಮೋಟಾರು ತಾನಾಗಿ ನಿಲ್ಲುವ ವ್ಯವಸ್ಥೆ ಇತ್ತು. ಮೋಟಾರು ನಿಂತಿತು ಕೂಡ. ಆದರೆ ಸುಮಾರು 500 ಟನ್ನಿನ ಗುಮ್ಮಟ ಓಟದ ಮೇಲಿತ್ತು, ಒಮ್ಮೆಲೇ ನಿಲ್ಲಲಿಲ್ಲ. ಅದಕ್ಕೆ ಜೋಡಿಸಿದ ಏಣಿ ಬಂದು ಬಾಗಿಲಿಗೆ ಬಡಿಯಿತು, ಬಾಗಿಲಿನ ನಡುವೆ ಅವರು ಸಿಕ್ಕಿದರು. ವಯಸ್ಸು 36. ಆ ಮೇಲೆ ಅಲ್ಲಿ ರಚನೆ ಬದಲಾಯಿಸಿದರು. ಸ್ವಿಚ್ ಆಫ್ ಆಗುವುದಕ್ಕೂ ಯಂತ್ರ ನಿಲ್ಲುವುದಕ್ಕೂ ನಡುವೆ ಸ್ವಲ್ಪ ಹೊತ್ತು ಇರುತ್ತದೆ. ರೈಲು ವಾಡಿ ನಿಲ್ದಾಣದಲ್ಲಿ ಬ್ರೇಕು ಹಾಕಿದ ಮೇಲೂ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬುದನ್ನು ನಾವೆಲ್ಲ ನೋಡಿಯೇ ಇದ್ದೇವೆ.

ಪಾಲಕರೇ, ಇನ್ನು ನಮ್ಮ ಊರಿನ ಮಾತು. ನಮ್ಮಲ್ಲಿ ಓದಿದ ಒಬ್ಬ ಹುಡುಗ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸಕ್ಕಿದ್ದ. ಸುಣ್ಣದ ಕಲ್ಲನ್ನು ಮೇಲಕ್ಕೆ ಒಯ್ಯುವ ಇಳಿಜಾರಿನ ಬೆಲ್ಟಿನ ಗೇರ್‌ಬಾಕ್ಸ್ ಕೆಟ್ಟಿತ್ತು. ಬೆಲ್ಟಿನ ಮೇಲೆ ಕಲ್ಲು ಹಾಗೆಯೇ ಇತ್ತು. ಬೆಲ್ಟು ಹಿಂದಕ್ಕೆ ಸರಿಯದಂತೆ ತಡೆಯುವ ಕೀಲು ಆ ಗೇರ್‌ಬಾಕ್ಸಿಗೇ ಕೂಡಿಕೊಂಡಿತ್ತು. ಐದು ಜನ ಸೇರಿ ಗೇರ್‌ಬಾಕ್ಸನ್ನು ಜೋಪಾನವಾಗಿ ಎತ್ತಿ ಕೆಳಗಿಟ್ಟರು, ಅದಕ್ಕೆ ಒಂದು ಗೀರೂ ಬೀಳಲಿಲ್ಲ. ಬೆಲ್ಟು ಕಲ್ಲಿನ ಭಾರಕ್ಕೆ ಹಿಂದಕ್ಕೆ ಓಡಿತು. ಇವನ ಬಲಗೈ ರೋಲರಿನಲ್ಲಿ ಸಿಕ್ಕಿತು. ಈಗ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡಿದ್ದಾನೆ, ಎಡಗೈಯಿಂದ ಲೆಕ್ಕ ಬರೆಯುತ್ತಾನೆ. ಈ ಸಭೆಯಲ್ಲಿ ಹೇಳಲು ಅವನ ಒಪ್ಪಿಗೆ ಕೇಳಿದಾಗ ಹೀಗೆಂದ: "ಹೇಳ್ರಿ ಸರ್. ನಾವು ಐದೂ ಮಂದಿ ಗೇರ್‌ಬಾಕ್ಸ್ ಹಿಡದಿದ್ವಿ. ಬೆಲ್ಟ್ ಯಾರೂ ಹಿಡದಿದ್ದಿಲ್ಲ."

ದೂರದರ್ಶಕದ ಬರಹದಲ್ಲಿ ಪುಟಗಟ್ಟಲೆ ಇದ್ದದ್ದನ್ನು ಅವನು ಎರಡು ಮಾತಿನಲ್ಲಿ ಮುಗಿಸಿದ. ಫರಸಿಯ ಕೆಲಸದವರಿಗೂ ಇದು ಗೊತ್ತಿರುವ ವಿಷಯವೇ. ಎರಡು ಬದಿಗೆ ಒರಗಿಸಿ ನಿಲ್ಲಿಸಿದ ಫರಸಿಯನ್ನು ಒಂದೇ ಬದಿಯಿಂದ ಎತ್ತುತ್ತ ಹೋದರೆ ಆ ಕಡೆಯದು ಮೈಮೇಲೆ ಬರುತ್ತದೆ. ಹಳೆಯ ಕೆಲಸಗಾರರು ಈ ಕಡೆ ಒಂದು, ಆ ಕಡೆ ಒಂದು ಎಂದು ಎತ್ತುತ್ತಾರೆ. ಹೊಸ ಹುಡುಗರಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋಡಿ ಕಲಿಯಲಿ ಎನ್ನುತ್ತಾರೆ. ನೋಡಿ ಕಲಿಯುವುದಕ್ಕೆ ಮೊದಲ ದಿನ ಉಳಿದುಕೊಳ್ಳಬೇಕಲ್ಲ.

ಕಾನೂನು ಏನನ್ನುತ್ತದೆ? 1948ರ ಕಾರ್ಖಾನೆಗಳ ಕಾಯ್ದೆಯ 29ನೆಯ ಕಲಮಿನಲ್ಲಿ, ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು 12 ತಿಂಗಳಿಗೆ ಒಮ್ಮೆಯಾದರೂ ಅರ್ಹರು ಪರೀಕ್ಷಿಸಬೇಕು, ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಯಂತ್ರದ ಮೇಲೆ ಕಾಣುವಂತೆ ಬರೆದಿರಬೇಕು ಎಂದಿತ್ತು. ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಜೀವಕ್ಕೆ ಅಪಾಯವಿದೆ ಎಂದು ಕಂಡರೆ ಮಾಲೀಕರ ಗಮನಕ್ಕೆ ತರುವ ಹಕ್ಕನ್ನು ಅದು ಕೆಲಸಗಾರನಿಗೆ ಕೊಟ್ಟಿದೆ; ಸರಿಪಡಿಸುವ ಹೊಣೆ ಮಾಲೀಕರದು. ಗುತ್ತಿಗೆಯ ಹುಡುಗ ಬಾಯಿ ತೆರೆದರೆ ನಾಳೆ ಬರಬೇಡ ಎನ್ನುತ್ತಾರೆ ಎಂಬುದು ನನಗೂ ಗೊತ್ತು. ಆದ್ದರಿಂದ ಈ ಮಾತನ್ನು ಹುಡುಗರ ಹೆಗಲಿಗೆ ಮಾತ್ರ ಹೊರಿಸಬಾರದು. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಗುತ್ತಿಗೆದಾರರಿದ್ದಾರೆ, ಸೂಪರ್‌ವೈಸರುಗಳಿದ್ದಾರೆ, ಗಣಿಯ ಮಾಲೀಕರೂ ಇದ್ದಾರೆ. ತಾವು ಬೆಳಿಗ್ಗೆ ಕೆಲಸ ಹಂಚುವಾಗ 'ಇದನ್ನು ತೆಗೆದರೆ ಯಾವುದು ಅಲುಗುತ್ತದೆ' ಎಂಬ ಪ್ರಶ್ನೆಯನ್ನು ತಾವೇ ಎತ್ತಿದರೆ, ಕೇಳಿದ ಹುಡುಗನ ಕೆಲಸ ಹೋಗುವ ಮಾತು ಬರುವುದಿಲ್ಲ.

ವಿದ್ಯಾರ್ಥಿಗಳೇ, ವೇದಿಕೆಯ ಬದಿಯ ಬೆಂಚಿನ ಮೇಲೆ ಒಂದು ಬಿದಿರಿನ ಗಳವನ್ನು ಅಕ್ಷದ ಮೇಲೆ ಕೂಡಿಸಿ, ಒಂದು ತುದಿಗೆ ಎರಡು ಇಟ್ಟಿಗೆ, ಇನ್ನೊಂದು ತುದಿಗೆ ಮರಳಿನ ಚೀಲ ಕಟ್ಟಿಟ್ಟಿದ್ದೇವೆ. ಈಗ ಸಮವಾಗಿ ನಿಂತಿದೆ. ಊಟದ ನಂತರ ಒಬ್ಬೊಬ್ಬರಾಗಿ ಬಂದು ಇಟ್ಟಿಗೆ ಬಿಚ್ಚಿ ನೋಡಬಹುದು, ಮೊದಲು ಗೂಟವಿಲ್ಲದೆ, ಆಮೇಲೆ ಗೂಟ ಹಾಕಿ. ಬಿಚ್ಚುವವನು ಗಳದ ಪಕ್ಕಕ್ಕೆ ನಿಲ್ಲಬೇಕು. ಮರಳಿನ ಚೀಲದ ಕೆಳಗೆ ಸುಣ್ಣದಿಂದ ಗೆರೆ ಎಳೆದಿದ್ದೇವೆ. ಆ ಗೆರೆಯೊಳಗೆ ಯಾರೂ ಕಾಲಿಡಬೇಡಿ.