ಕುರ್ಚಿಗೂ ಒಂದು ವಂಶಾವಳಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ವೇದಿಕೆಯನ್ನೇರಿದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವರೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ನಾವು ಆರಿಸಿಕೊಂಡಿರುವ ವಿಷಯವು ಅದಕ್ಕಿಂತ ಬಹಳ ಕೆಳಗಿನದು. ಈ ಗಳಿಗೆಯಲ್ಲಿ ತಾವೆಲ್ಲರೂ ಅದರ ಮೇಲೆಯೇ ಕುಳಿತಿದ್ದೀರಿ. ಕುರ್ಚಿಯೇ ನಮ್ಮ ಇಂದಿನ ವಿಷಯ.

ಎರಡನೆಯ ಮಹಾಯುದ್ಧವು ಮುಗಿದ ತರುವಾಯ, 1950 ಮತ್ತು 1960ರ ದಶಕಗಳಲ್ಲಿ, ಪೀಠೋಪಕರಣಗಳ ರಚನೆಯಲ್ಲಿ ಹೊಸದೊಂದು ದೃಷ್ಟಿ ಬಲಗೊಂಡಿತು. ಸಿಂಹಪಾದ, ಬಳ್ಳಿಯ ಕೆತ್ತನೆ ಮೊದಲಾದ ಅಲಂಕಾರಗಳನ್ನು ಬಿಟ್ಟು, ಸರಳವಾದ ರೇಖೆ, ಸಪುರವಾದ ಕಾಲು, ಮರದ ಸಹಜವಾದ ಬಣ್ಣ ಇವುಗಳಲ್ಲಿಯೇ ಚೆಲುವನ್ನು ಕಾಣುವ ದೃಷ್ಟಿಯದು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರ ತಮ್ಮ ವರದಿಯಲ್ಲಿ ಉತ್ತಮ ರಚನೆಗೆ ನಿದರ್ಶನವಾಗಿ ಎತ್ತಿ ತೋರಿದುದು ಅರಮನೆಯ ಸಿಂಹಾಸನವನ್ನಲ್ಲ, ನಮ್ಮ ನೀರಿನ ತಂಬಿಗೆಯನ್ನು! ಹೊರುವಾಗಿನ ಸಮತೋಲ, ಸುರಿಯುವಾಗಿನ ಧಾರೆ ಇವೆಲ್ಲವನ್ನೂ ತಲೆಮಾರುಗಳ ಅನುಭವವು ಆ ಆಕಾರದಲ್ಲಿ ಅಡಗಿಸಿದೆಯೆಂಬುದು ಅವರ ಅಭಿಪ್ರಾಯ. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು.

ಇನ್ನು ಚಂಡೀಗಢದ ಕಥೆಯನ್ನು ಕೇಳಬೇಕು. 1951ರಿಂದ ಲ ಕಾರ್ಬೂಸಿಯೇ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಆ ನಗರವು ಮೈದಳೆಯಿತು. ಅಲ್ಲಿಯ ಕಚೇರಿ, ನ್ಯಾಯಾಲಯ, ಕಾಲೇಜುಗಳಿಗೆ ಬೇಕಾದ ಕುರ್ಚಿ ಮೇಜುಗಳನ್ನು ಅವರ ದಾಯಾದಿ ಪಿಯೆರ್ ಜನ್ನೆರೆಯವರು 1965ರವರೆಗೆ ಅಲ್ಲಿಯೇ ನೆಲಸಿ, ಭಾರತೀಯ ಸಹೋದ್ಯೋಗಿಗಳೊಡನೆ ರೂಪಿಸಿದರು. ಬಡಗಿಗಳು ಅವನ್ನು ತೇಗದಲ್ಲಿ ಮಾಡಿದರು. ಗಾಳಿಯಾಡಲೆಂದು ಆಸನಕ್ಕೂ ಬೆನ್ನಿಗೂ ಬೆತ್ತ ಹೆಣೆದರು. ಕಾಲಾಂತರದಲ್ಲಿ ಅವು ಹಳತಾಗಿ ಮೂಲೆಗುಂಪಾಗಿ, ಗುಜರಿಯ ಬೆಲೆಗೆ ಹರಾಜಾದವು. ವಿದೇಶದ ವ್ಯಾಪಾರಿಗಳು ಅವನ್ನೇ ಒಯ್ದು ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಕೇಂದ್ರ ಗೃಹ ಸಚಿವಾಲಯವು ಎಚ್ಚತ್ತು ತಡೆಯಾಜ್ಞೆಯನ್ನು ಹೊರಡಿಸಿದ್ದು 2011ರಲ್ಲಿ. ಅಷ್ಟರೊಳಗೆ ಬಹಳಷ್ಟು ಕಡಲು ದಾಟಿದ್ದಾಗಿತ್ತು. ಸ್ವಾರಸ್ಯವೇನೆಂದರೆ, ಕಚೇರಿಯ ಲೆಕ್ಕಕ್ಕಾಗಿ ಕುರ್ಚಿಯ ಮೇಲೆ ಬಣ್ಣದಲ್ಲಿ ಬರೆದಿದ್ದ ಇಲಾಖೆಯ ಹೆಸರು ಮತ್ತು ಸಂಖ್ಯೆಗಳೇ ಇಂದು ಅದರ ಅಸಲಿತನಕ್ಕೆ ಸಾಕ್ಷಿಯಾಗಿವೆ. ಆದರೆ ಹರಾಜಿನ ಪಟ್ಟಿಗಳಲ್ಲಿ ಜನ್ನೆರೆಯವರ ಹೆಸರು ಕಾಣುವಂತೆ ಮಾಡಿದ ಬಡಗಿಯ ಹೆಸರು ಕಾಣುವುದು ಅಪರೂಪ.

ಚಂಡೀಗಢಕ್ಕೂ ವಯನಾಡಿಗೂ ಎತ್ತಣ ಸಂಬಂಧವೆಂದು ತಾವು ಕೇಳಬಹುದು. ಸಂಬಂಧವು ತೇಗದ್ದು. ನಮ್ಮ ಘಟ್ಟದ ಕೆಳಗಿನ ನಿಲಂಬೂರಿನಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿಯವರು ಚಾತು ಮೇನೋನರ ನೆರವಿನಿಂದ 1840ರ ದಶಕದಲ್ಲಿ ತೇಗದ ನೆಡುತೋಪನ್ನು ಎಬ್ಬಿಸಿದರು. ಇಂಗ್ಲಿಷಿನವರ ‘ಟೀಕ್’ ಎಂಬ ಮಾತು ಮಲಯಾಳದ ‘ತೇಕ್ಕ್’ ಎಂಬುದರಿಂದ ಪೋರ್ಚುಗೀಸರ ಮೂಲಕ ಹೋದುದು; ನಮ್ಮ ‘ತೇಗ’ವು ಅದರ ಒಡಹುಟ್ಟು. ಆ ತೇಗದಿಂದಲೂ ಬೀಟೆಯಿಂದಲೂ ಆಚಾರಿಗಳು ಮನೆಯಂಗಳದಲ್ಲಿ ಕುಳಿತು ಮಾಡಿಕೊಟ್ಟ ಆರಾಮಕುರ್ಚಿ, ಮಂಚ, ಪೆಟ್ಟಿಗೆಗಳು ಕಾಫಿತೋಟದ ಮನೆಗಳಲ್ಲಿ ಇನ್ನೂ ಉಳಿದಿವೆ. ಎಷ್ಟು ಕಾಲ ಉಳಿದಾವು? ಪರಿಚಿತರೊಬ್ಬರ ಮನೆಯಲ್ಲಿ ಎರಡು ಬೀಟೆಯ ಕುರ್ಚಿಗಳು ಆರು ಪ್ಲಾಸ್ಟಿಕ್ ಕುರ್ಚಿಗಳಿಗೆ ವಿನಿಮಯವಾದುದನ್ನು ನಾವೇ ಕಂಡಿದ್ದೇವೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯು ಇಂಥ ಸಾಮಾನುಗಳಿಗೆ ನೂರು ವರ್ಷ ತುಂಬಿರಬೇಕೆನ್ನುತ್ತದೆ. ನಮ್ಮ ತಂದೆಯವರ ಕಾಲದ ಕುರ್ಚಿಗೆ ಅದರ ಆಸರೆಯಿಲ್ಲ. ಕಾಯುವವರು ಮನೆಯವರೇ ಆಗಬೇಕು.

ಕಾಯುವುದಕ್ಕೆ ಮೊದಲು ನೋಡಲು ಕಲಿಯಬೇಕು. ಕುರ್ಚಿಯನ್ನು ಮಗುಚಿ ನೋಡಿ. ಮೊಳೆಯನ್ನು ನೆಚ್ಚದೆ, ಒಂದು ಮರದ ತುದಿಯನ್ನು ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಕೂಡಿಸಿದ್ದರೆ ಅದು ಬಲ್ಲವನ ಕೆಲಸ. ಕೈಯೂರಿ ಕೈಯೂರಿ ನುಣುಪಾದ ತೋಳನ್ನು ಉಜ್ಜಿ ಹೊಸತು ಮಾಡಬೇಡಿ. ಆ ನುಣುಪು ಹಿರಿಯರ ಹಸ್ತಾಕ್ಷರ. ಬೆತ್ತವು ಹರಿದರೆ ಕುರ್ಚಿ ಕೆಟ್ಟಿತೆಂದು ಬಗೆಯದೆ ಮತ್ತೆ ಹೆಣೆಯಿಸಿ. ಹರಿಯುವುದು ಬೆತ್ತದ ಧರ್ಮ, ಉಳಿಯುವುದು ಮರದ ಧರ್ಮ. ಮಳೆಗಾಲದಲ್ಲಿ ಒದ್ದೆ ನೆಲಕ್ಕೂ ಗೋಡೆಗೂ ತಾಗದಂತೆ ಇಡಿ. ಎಲ್ಲಕ್ಕಿಂತ ಮಿಗಿಲಾಗಿ, ಅದರಲ್ಲಿ ಕುಳಿತುಕೊಳ್ಳಿ.

ಭಾಷೆಯನ್ನು ಕಲಿಸುವವರಾದ ನಾವು ಇನ್ನೊಂದು ಮಾತನ್ನು ಹೇಳಲೇಬೇಕು. ‘ಕುರ್ಚಿ’ಯು ಅರಬ್ಬಿಯಿಂದ ಬಂದ ಅತಿಥಿ; ನೆರೆಯ ಮಲಯಾಳದ ‘ಕಸೇರ’ವು ಪೋರ್ಚುಗೀಸಿನಿಂದ ಬಂದುದು. ಪರದೇಶದ ಮಾತುಗಳು ಹೀಗೆ ಮನೆಯವೇ ಆಗಿ ಹೋದುವು. ಆದರೆ ನಮ್ಮದೇ ಆದ ‘ಮಣೆ’ಯನ್ನು ಇಂದಿನ ಮಕ್ಕಳು ಬಲ್ಲರೆ? ವಸ್ತುವು ಮನೆಯಿಂದ ಹೊರಟಾಗ ಅದರ ಹೆಸರೂ ಅದರ ಹಿಂದೆಯೇ ಮೆಟ್ಟಿಲಿಳಿಯುತ್ತದೆ. ಸುಲ್ತಾನ್ ಬತ್ತೇರಿಯು ಒಂದಾನೊಂದು ಕಾಲಕ್ಕೆ ‘ಹನ್ನೆರಡು ಬೀದಿ’ ಎನಿಸಿಕೊಂಡಿತ್ತೆಂಬುದನ್ನು ನೆನೆಯುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಸಂಘಕ್ಕೆ ನಮ್ಮದೊಂದು ಬಿನ್ನಹ. ಒಂದು ದಪ್ಪ ಪುಸ್ತಕವನ್ನು ಕೊಳ್ಳೋಣ. ನಮ್ಮ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಪ್ರತಿಯೊಂದು ಹಳೆಯ ಪೀಠೋಪಕರಣದ ಮರ, ಅಳತೆ, ಹಿರಿಯರು ನೆನೆಯುವ ವರ್ಷ, ಮಾಡಿದ ಆಚಾರಿಯ ಹೆಸರು, ಮನೆಯಲ್ಲಿ ಅದನ್ನು ಕರೆಯುವ ಹೆಸರು ಇಷ್ಟನ್ನು ಬರೆದುಕೊಳ್ಳಲಿ. ಮಾರುವವರು ಮಾರಲಿ, ಅದು ಅವರ ಕಷ್ಟಸುಖ. ಆದರೆ ಬರೆದ ಬಳಿಕ ಮಾರಲಿ. ಚಂಡೀಗಢದ ಕುರ್ಚಿಗೆ ಇಲಾಖೆಯ ಸಂಖ್ಯೆಯಾದರೂ ಸಾಕ್ಷಿಯಾಗಿತ್ತು. ವಯನಾಡಿನ ಕುರ್ಚಿಗೆ ಈ ಪುಸ್ತಕವಲ್ಲದೆ ಬೇರೆ ಸಾಕ್ಷಿಯಿಲ್ಲ.

ಪುಸ್ತಕದ ಮೊದಲನೆಯ ಪುಟಕ್ಕೆ ನಮ್ಮ ಮನೆಯ ಆರಾಮಕುರ್ಚಿಯ ವಿವರವನ್ನು ಒಪ್ಪಿಸಿ ವಿರಮಿಸುತ್ತೇವೆ.