ವಿಳಾಸವಿಲ್ಲದವರಿಗೆ ಕೇಳಿದ ಕ್ಷಮೆ

ಇವತ್ತು ನಾನು ಮಾತಾಡಲು ಆಯ್ದುಕೊಂಡಿರುವುದು ಟಿವಿ ಪರದೆಯ ಮೇಲೆ ಕೇಳಲಾದ ಒಂದು ಕ್ಷಮೆಯನ್ನು. ಅದರ ಹಿನ್ನೆಲೆ ಹೀಗಿದೆ. 2025ರ ಆಗಸ್ಟ್ 22ರ ರಾತ್ರಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾರ್ಲೆಟ್ ನಗರದ ಲೈಟ್ ರೈಲಿನಲ್ಲಿ 23 ವರ್ಷದ ಯುವತಿಯೊಬ್ಬಳನ್ನು ಹಿಂದಿನ ಸೀಟಿನಲ್ಲಿ ಕೂತಿದ್ದವನು ಇರಿದು ಕೊಂದ. ಉಕ್ರೇನಿನ ಯುದ್ಧದಿಂದ ಪಾರಾಗಿ ಬಂದು ಅಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದವಳು ಅವಳು. ಆರೋಪಿ ಮನೆಯಿಲ್ಲದವನು, ಮಾನಸಿಕ ಅಸ್ವಸ್ಥ, ಹಲವು ಸಲ ಬಂಧನಕ್ಕೊಳಗಾಗಿದ್ದವನು. ರೈಲಿನ ಕ್ಯಾಮೆರಾದ ದೃಶ್ಯಗಳು ಹೊರಬಿದ್ದಾಗ ಇಡೀ ದೇಶ ಕೆರಳಿತು, ಕೆರಳಬೇಕಾದದ್ದೇ. ಸೆಪ್ಟೆಂಬರ್ 10ರ ಬುಧವಾರ ಬೆಳಿಗ್ಗೆ ಫಾಕ್ಸ್ ನ್ಯೂಸ್ ವಾಹಿನಿಯ ‘ಫಾಕ್ಸ್ ಆ್ಯಂಡ್ ಫ್ರೆಂಡ್ಸ್’ ಕಾರ್ಯಕ್ರಮದಲ್ಲಿ ಮೂವರು ನಿರೂಪಕರು ಈ ಕೊಲೆಯ ಬಗ್ಗೆ ಚರ್ಚೆಗೆ ಕೂತರು. ಮನೆಯಿಲ್ಲದವರ ಮೇಲೆ ಅಪಾರ ಹಣ ಸುರಿಯುತ್ತಿದ್ದೇವೆ, ಅವರೋ ನೆರವೇ ಬೇಡ ಎನ್ನುತ್ತಾರೆ, ಇನ್ನು ಅವರಿಗೆ ಆಯ್ಕೆ ಕೊಡಬಾರದು, ಕೊಟ್ಟ ನೆರವು ತೆಗೆದುಕೊಳ್ಳಲಿ ಇಲ್ಲವೇ ಜೈಲಿಗೆ ಹೋಗಲಿ ಎಂದು ಲಾರೆನ್ಸ್ ಜೋನ್ಸ್ ಹೇಳಿದರು. ಪಕ್ಕದಲ್ಲಿದ್ದ ಬ್ರಯಾನ್ ಕಿಲ್‌ಮೀಡ್ ಅದಕ್ಕೆ ತಮ್ಮದೊಂದು ಮಾತು ಸೇರಿಸಿದರು: ಇಲ್ಲವಾದರೆ ಒತ್ತಾಯದ ಮಾರಕ ಚುಚ್ಚುಮದ್ದು ಕೊಡಿ, ಕೊಂದುಬಿಡಿ. ಮಾತು ಅಲ್ಲಿಗೆ ನಿಲ್ಲಲಿಲ್ಲ, ಯಾರೂ ತಡೆಯಲೂ ಇಲ್ಲ. ಆ ತುಣುಕು ಜಾಲತಾಣಗಳಲ್ಲಿ ಹರಡಿ ಗದ್ದಲವಾದ ಮೇಲೆ, ಸೆಪ್ಟೆಂಬರ್ 14ರ ಭಾನುವಾರ, ಅದೇ ಕಾರ್ಯಕ್ರಮದ ವಾರಾಂತ್ಯದ ಆವೃತ್ತಿಯಲ್ಲಿ ಅವರು ಕ್ಷಮೆ ಕೇಳಿದರು.

ಕ್ಷಮೆಯಲ್ಲಿ ಮೂರು ಮಾತಿದ್ದವು. ಮಾರಕ ಚುಚ್ಚುಮದ್ದು ಕೊಡಬೇಕೆಂದು ಹೇಳಿದ್ದು ತಪ್ಪು; ಅದು ಅತ್ಯಂತ ನಿರ್ದಯ ಮಾತು; ಮನೆಯಿಲ್ಲದ ಮಾನಸಿಕ ರೋಗಿಗಳೆಲ್ಲರೂ ನಾರ್ತ್ ಕೆರೊಲಿನಾದ ಆರೋಪಿಯ ಹಾಗೆ ನಡೆದುಕೊಳ್ಳುವುದಿಲ್ಲ, ಅವರಲ್ಲಿ ಎಷ್ಟೋ ಜನ ನಮ್ಮ ಅನುಕಂಪಕ್ಕೆ ಅರ್ಹರು ಎಂಬುದು ತಮಗೆ ಗೊತ್ತು. ಟಿವಿ ಕ್ಷಮೆಗಳ ಜಾತಿಯಲ್ಲಿ ಇದು ಕಳಪೆಯದೇನಲ್ಲ. ‘ಯಾರಿಗಾದರೂ ನೋವಾಗಿದ್ದರೆ’ ಎಂಬ ಮಾಮೂಲು ನುಣುಚು ಮಾತು ಅದರಲ್ಲಿರಲಿಲ್ಲ. ನನ್ನ ಮಾತನ್ನು ತಿರುಚಿದರು ಎಂಬ ದೂರೂ ಇರಲಿಲ್ಲ. ಹಾಗಾಗಿ ಅದರ ಪ್ರಾಮಾಣಿಕತೆಯನ್ನು ತೂಗಲು ನಾನು ಹೊರಟಿಲ್ಲ. ಇನ್ನೊಬ್ಬರ ಪಶ್ಚಾತ್ತಾಪವನ್ನು ಅಳೆಯುವ ಮಾಪಕ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ನನ್ನ ತಕರಾರು ಬೇರೆ. ಆ ಕ್ಷಮೆ ಹಿಂತೆಗೆದುಕೊಂಡದ್ದು ಒಂದು ವಾಕ್ಯವನ್ನು. ಆ ವಾಕ್ಯವನ್ನು ಹುಟ್ಟಿಸಿದ ವಾದವನ್ನು ಅದು ಮುಟ್ಟಲಿಲ್ಲ. ಮುಟ್ಟದೆ ಉಳಿಯಲು ಸಾಧ್ಯವಾದದ್ದಕ್ಕೆ ಕಾರಣ, ಆ ಕ್ಷಮೆಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಸ್ಥಾನದಲ್ಲಿ ಯಾರೂ ಇಲ್ಲದಿದ್ದುದು.

ವಾದವನ್ನು ಇಳಿಜಾರಿನ ಮೆಟ್ಟಿಲುಗಳ ಹಾಗೆ ನೋಡಿ. ಮನೆಯಿಲ್ಲದವರು ಬೀದಿಯಲ್ಲಿರುವುದು ಅವರೇ ಮಾಡಿಕೊಂಡ ಆಯ್ಕೆ ಎಂಬುದು ಮೊದಲನೆಯದು. ನೆರವು ಧಾರಾಳವಾಗಿದೆ, ಅವರೇ ಅದನ್ನು ಒದೆಯುತ್ತಿದ್ದಾರೆ ಎಂಬುದು ಎರಡನೆಯದು. ಆದ್ದರಿಂದ ಆಯ್ಕೆಯ ಹಕ್ಕನ್ನು ಕಿತ್ತುಕೊಳ್ಳಬೇಕು, ಒಪ್ಪದಿದ್ದರೆ ಜೈಲು ಎಂಬುದು ಮೂರನೆಯದು. ಕಿಲ್‌ಮೀಡ್ ಇಳಿದದ್ದು ಇದರ ಕೊನೆಯ ಮೆಟ್ಟಿಲು. ಉಳಿದವನ್ನು ಇಳಿದು ಬಂದವರು ಅವರೊಬ್ಬರೇ ಅಲ್ಲ. 2024ರ ಜೂನ್‌ನಲ್ಲಿ, ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ, ಸಾರ್ವಜನಿಕ ಜಾಗದಲ್ಲಿ ಹೊದ್ದು ಮಲಗುವವರಿಗೆ ದಂಡ, ಸಜೆ ವಿಧಿಸುವುದು ಸಂವಿಧಾನ ನಿಷೇಧಿಸುವ ಕ್ರೂರ ಶಿಕ್ಷೆಯಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ತೀರ್ಪಿತ್ತಿತು. ಆ ಊರಿನ ದಂಡದ ಮೊತ್ತ ಆಗ 295 ಡಾಲರ್ ಇತ್ತು. ಕೈಯಲ್ಲಿ 295 ಡಾಲರ್ ಇದ್ದವನು ಪಾರ್ಕಿನಲ್ಲಿ ಯಾಕೆ ಮಲಗುತ್ತಾನೆ ಎಂದು ಕೇಳಬೇಡಿ. 2025ರ ಜುಲೈ 24ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಆದೇಶವೊಂದು ಬೀದಿಯಲ್ಲಿರುವ ಮಾನಸಿಕ ರೋಗಿಗಳನ್ನು ಅವರ ಒಪ್ಪಿಗೆಯಿಲ್ಲದೆ ಸಂಸ್ಥೆಗಳಿಗೆ ಸೇರಿಸಲು ಉತ್ತೇಜನ ಕೊಟ್ಟಿತು. ಆಗಸ್ಟ್‌ನಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಡೇರೆಗಳನ್ನು ಕೀಳಿಸಲಾಯಿತು. ಇದರಲ್ಲಿ ಯಾವುದನ್ನೂ ನಾನು ಕೊಲ್ಲುವ ಮಾತಿಗೆ ಸಮ ಎನ್ನುತ್ತಿಲ್ಲ. ಒತ್ತಾಯದ ಚಿಕಿತ್ಸೆಯನ್ನು ಸದುದ್ದೇಶದಿಂದಲೇ ಸಮರ್ಥಿಸುವ ವೈದ್ಯರಿದ್ದಾರೆ. ಆದರೆ ಮೇಲಿನ ಮೆಟ್ಟಿಲುಗಳೆಲ್ಲ ಸರ್ಕಾರಿ ನೀತಿಯೇ ಆಗಿರುವಾಗ, ಕೊನೆಯದಕ್ಕೆ ಮಾತ್ರ ಕ್ಷಮೆ ಕೇಳಿ ಉಳಿದದ್ದರ ಬಗ್ಗೆ ಸುಮ್ಮನಿದ್ದರೆ ನೋಡುಗನಿಗೆ ತಲುಪುವುದೇನು? ವಾದ ಸರಿಯಿತ್ತು, ಸ್ವಲ್ಪ ಜೋರಾಯಿತು ಎಂದು. ಕ್ಷಮೆಯ ‘ಎಲ್ಲರೂ ಹಾಗಲ್ಲ’ ಎಂಬ ಮಾತು ಕೂಡ ಇದನ್ನೇ ಗಟ್ಟಿ ಮಾಡುತ್ತದೆ. ಅನುಕಂಪಕ್ಕೆ ಅರ್ಹರು ‘ಎಷ್ಟೋ ಜನ’ ಎಂದಾಗ ಅರ್ಹರಲ್ಲದವರ ಒಂದು ಪಟ್ಟಿ ಹಾಗೆಯೇ ಉಳಿಯುತ್ತದೆ. ಬದುಕುವ ಹಕ್ಕಿಗೆ ಅರ್ಹತೆಯ ಪರೀಕ್ಷೆ ಇದೆ ಎಂಬುದೇ ಮೂಲ ಮಾತಿನ ದೋಷವಾಗಿತ್ತಲ್ಲವೇ?

ಇನ್ನು ಸ್ವೀಕರಿಸುವವರ ಪ್ರಶ್ನೆ. ಕ್ಷಮೆಯನ್ನು ಕುರಿತು ಕೆನಡಾದ ಸಮಾಜಶಾಸ್ತ್ರಜ್ಞ ನಿಕೊಲಸ್ ಟವೂಕಿಸ್ 1991ರಲ್ಲಿ ಒಂದು ಪುಸ್ತಕ ಬರೆದರು. ಕ್ಷಮೆ ಮೂಲತಃ ಇಬ್ಬರ ನಡುವಿನ ವ್ಯವಹಾರ, ತಪ್ಪು ಮಾಡಿದವನು ಮತ್ತು ನೊಂದವನು ಎಂಬುದು ಅವರ ವಿಶ್ಲೇಷಣೆಯ ತಳಹದಿ. ಇದನ್ನು ಇಟ್ಟುಕೊಂಡು ಇನ್ನೊಂದು ಪ್ರಕರಣ ನೋಡೋಣ. 2007ರ ಏಪ್ರಿಲ್ 4ರಂದು ಡಾನ್ ಐಮಸ್ ಎಂಬ ಪ್ರಸಿದ್ಧ ರೇಡಿಯೊ ನಿರೂಪಕ ರಟ್ಗರ್ಸ್ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಬಗ್ಗೆ ಜನಾಂಗೀಯವೂ ಅಶ್ಲೀಲವೂ ಆದ ಹೀನ ಮಾತಾಡಿದರು. ಆ ಹುಡುಗಿಯರಿಗೆ ಹೆಸರಿತ್ತು, ತರಬೇತುದಾರೆ ವಿವಿಯನ್ ಸ್ಟ್ರಿಂಗರ್ ಇದ್ದರು, ಬೆನ್ನಿಗೆ ವಿಶ್ವವಿದ್ಯಾಲಯವಿತ್ತು. ಅವರು ಪತ್ರಿಕಾಗೋಷ್ಠಿ ನಡೆಸಿದರು, ಜನ ಅವರ ಮುಖ ನೋಡಿದರು. ಜಾಹೀರಾತುದಾರರು ಒಬ್ಬರಾದ ಮೇಲೊಬ್ಬರು ಹಿಂದೆ ಸರಿದರು. ಎಂಎಸ್‌ಎನ್‌ಬಿಸಿ ವಾಹಿನಿ ಅವರ ಕಾರ್ಯಕ್ರಮದ ಪ್ರಸಾರ ನಿಲ್ಲಿಸಿತು, ಮರುದಿನ ಸಿಬಿಎಸ್ ಅವರನ್ನು ಕೆಲಸದಿಂದ ತೆಗೆಯಿತು. ಅದೇ ಸಂಜೆ ಐಮಸ್ ಅವರು ನ್ಯೂಜೆರ್ಸಿ ಗವರ್ನರ್ ನಿವಾಸದಲ್ಲಿ ತಂಡದ ಎದುರು ಕೂತು ಕ್ಷಮೆ ಕೇಳಿದರು. ತಂಡ ಒಪ್ಪಿಕೊಂಡಿತು, ಬೇಕಿದ್ದರೆ ಒಪ್ಪದೆಯೂ ಇರಬಹುದಿತ್ತು. ನೊಂದವರ ಕೈಯಲ್ಲಿ ಆ ಅಧಿಕಾರ ಇದ್ದದ್ದೇ ಆ ಕ್ಷಮೆಗೆ ತೂಕ ಕೊಟ್ಟಿತು.

ಕಿಲ್‌ಮೀಡ್ ಅವರ ಕ್ಷಮೆಗೆ ಅಂಥ ಎದುರು ಪಕ್ಷವೇ ಇರಲಿಲ್ಲ. 2024ರ ಜನವರಿಯ ಒಂದು ರಾತ್ರಿ ನಡೆದ ಸರ್ಕಾರಿ ಗಣತಿಯಲ್ಲಿ ಅಮೆರಿಕದಲ್ಲಿ 7,71,480 ಜನ ಮನೆಯಿಲ್ಲದವರು ಸಿಕ್ಕರು. ಅವರಲ್ಲಿ 2,74,000ಕ್ಕೂ ಹೆಚ್ಚು ಮಂದಿ ಆಶ್ರಯತಾಣಗಳಲ್ಲೂ ಅಲ್ಲ, ಬಯಲಲ್ಲಿ, ಕಾರುಗಳಲ್ಲಿ, ಡೇರೆಗಳಲ್ಲಿ ಇದ್ದರು. ಇಷ್ಟು ಜನ ಜಾಹೀರಾತುದಾರರಿಗೆ ಗಿರಾಕಿಗಳಲ್ಲ. ಕ್ಷಮೆ ಕೇಳಿದ್ದನ್ನು ಅವರಲ್ಲಿ ಎಷ್ಟು ಮಂದಿ ನೋಡಿದ್ದಾರು? ಅದೇ ದಿನಗಳ ಇನ್ನೆರಡು ಘಟನೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಕಿಲ್‌ಮೀಡ್ ಆ ಮಾತಾಡಿದ ದಿನವೇ ಚಾರ್ಲಿ ಕರ್ಕ್ ಎಂಬ ಬಲಪಂಥೀಯ ನಾಯಕನ ಹತ್ಯೆಯಾಯಿತು. ಆ ಬಗ್ಗೆ ಪ್ರಸಾರದಲ್ಲಿ ಆಡಿದ ಮಾತಿಗಾಗಿ ವಿಶ್ಲೇಷಕ ಮ್ಯಾಥ್ಯೂ ಡೌಡ್ ಅವರನ್ನು ಎಂಎಸ್‌ಎನ್‌ಬಿಸಿ ಅಂದೇ ತೆಗೆದುಹಾಕಿತು. ಡೌಡ್ ಕ್ಷಮೆಯನ್ನೂ ಕೇಳಿದ್ದರು. ಅದೇ ಹತ್ಯೆಯ ಕುರಿತು ಆಡಿದ ಮಾತಿಗಾಗಿ ಸೆಪ್ಟೆಂಬರ್ 17ರಂದು ಹಾಸ್ಯ ನಿರೂಪಕ ಜಿಮ್ಮಿ ಕಿಮ್ಮೆಲ್ ಅವರ ಕಾರ್ಯಕ್ರಮವನ್ನು ಎಬಿಸಿ ವಾಹಿನಿ ಕೆಲ ದಿನ ನಿಲ್ಲಿಸಿತು. ಕಿಲ್‌ಮೀಡ್ ತಮ್ಮ ಕುರ್ಚಿಯಲ್ಲೇ ಮುಂದುವರಿದರು. ವಾಹಿನಿಗಳು ಬೇರೆ, ಒಲವುಗಳು ಬೇರೆ, ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಒಪ್ಪುತ್ತೇನೆ. ಆದರೂ ಒಂದು ಅಂಶ ಕಣ್ಣಿಗೆ ಹೊಡೆಯುತ್ತದೆ: ಮಾತಿಗೆ ಎಷ್ಟು ಬೆಲೆ ತೆರಬೇಕೆಂಬುದು ಮಾತು ಎಷ್ಟು ಕ್ರೂರ ಎಂಬುದರ ಮೇಲೆ ನಿಂತಿರಲಿಲ್ಲ, ಯಾರ ಪರ ಯಾರು ಎದ್ದು ನಿಲ್ಲುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಇದು ಅಮೆರಿಕಕ್ಕೆ ಮಾತ್ರ ಅಂಟಿದ ರೋಗ ಎಂದುಕೊಳ್ಳಬೇಕಾಗಿಲ್ಲ. 1938ರಲ್ಲಿ ನಾಜಿ ಸರ್ಕಾರ ಭಿಕ್ಷುಕರು, ಅಲೆಮಾರಿಗಳು, ‘ಮೈಗಳ್ಳರು’ ಎಂದು ಹೆಸರಿಟ್ಟು 10,000ಕ್ಕೂ ಹೆಚ್ಚು ಜನರನ್ನು ಹಿಡಿದು ಬಂಧನ ಶಿಬಿರಗಳಿಗೆ ತಳ್ಳಿತು; ಅವರ ಅಂಗಿಗೆ ಕಪ್ಪು ತ್ರಿಕೋನ ಹೊಲಿಸಿತು. ಇವರನ್ನೂ ನಾಜಿಗಳ ಬಲಿಪಶುಗಳೆಂದು ಜರ್ಮನ್ ಸಂಸತ್ತು ಅಧಿಕೃತವಾಗಿ ಗುರುತಿಸಿದ್ದು ಯಾವಾಗ ಗೊತ್ತೇ? 2020ರ ಫೆಬ್ರುವರಿಯಲ್ಲಿ. ಪ್ರಾಯಶ್ಚಿತ್ತದ ವಿಷಯದಲ್ಲಿ ಜಗತ್ತಿಗೇ ಮಾದರಿ ಎನಿಸಿಕೊಂಡ ದೇಶದಲ್ಲೂ ಇವರ ಸರದಿ ಬರಲು ಯುದ್ಧ ಮುಗಿದ ಮೇಲೆ ಮುಕ್ಕಾಲು ಶತಮಾನ ಹಿಡಿಯಿತು. ಅಷ್ಟರಲ್ಲಿ ಬಹುತೇಕ ಎಲ್ಲರೂ ತೀರಿಕೊಂಡಿದ್ದರು.

ಯಾಕೆ ಹೀಗೆ ಎಂಬುದಕ್ಕೆ ಮನಶ್ಶಾಸ್ತ್ರದ ಒಂದು ಪ್ರಯೋಗ ಸ್ವಲ್ಪ ಬೆಳಕು ಚೆಲ್ಲುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ವಿದ್ಯಾರ್ಥಿಗಳನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ನಾನಾ ಬಗೆಯ ಜನರ ಚಿತ್ರ ತೋರಿಸಿದರು. ಎದುರಿಗಿರುವುದು ಒಬ್ಬ ಮನುಷ್ಯ ಎಂದು ಯೋಚಿಸುವಾಗ ಮಿದುಳಿನ ಒಂದು ಭಾಗ ಸಾಮಾನ್ಯವಾಗಿ ಚುರುಕಾಗುತ್ತದೆ. ಮನೆಯಿಲ್ಲದವರು ಮತ್ತು ಮಾದಕ ವ್ಯಸನಿಗಳ ಚಿತ್ರಗಳಿಗೆ ಅದು ಅಷ್ಟಾಗಿ ಮಿಡಿಯಲಿಲ್ಲ. ಅದರ ಬದಲು ಹೇಸಿಗೆಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತವು. ಒಂದು ಪ್ರಯೋಗಾಲಯದ ಫಲಿತಾಂಶವನ್ನು ಅಂತಿಮ ಸತ್ಯ ಎಂದು ಎತ್ತಿಹಿಡಿಯಬಾರದು. ಆದರೆ ನನಗೆ ಹೆಚ್ಚು ಕುತೂಹಲದ್ದು ಅವರ ಮುಂದಿನ ಪ್ರಯೋಗ. ಅದೇ ಚಿತ್ರಗಳನ್ನು ತೋರಿಸಿ, ಈ ವ್ಯಕ್ತಿಗೆ ಇಂಥ ತರಕಾರಿ ಇಷ್ಟವಾಗಬಹುದೇ ಎಂದು ಕೇಳಿದರು. ಅಷ್ಟಕ್ಕೇ ಆ ಭಾಗ ಮತ್ತೆ ಚುರುಕಾಯಿತು. ಉಪದೇಶ ಬೇಕಾಗಲಿಲ್ಲ, ಕಣ್ಣೀರಿನ ಕತೆ ಬೇಕಾಗಲಿಲ್ಲ. ಇಷ್ಟಾನಿಷ್ಟಗಳಿರುವ ಒಬ್ಬ ಮನುಷ್ಯ ಎಂದು ಎಣಿಸುವ ಸಣ್ಣ ಪ್ರಶ್ನೆ ಸಾಕಾಯಿತು. ಟಿವಿಗೆ ಇಂಥ ಪ್ರಶ್ನೆ ಕೇಳುವ ಸೌಕರ್ಯ ದಿನವೂ ಇದೆ. ಅನುಕಂಪಕ್ಕೆ ಅರ್ಹರು ಎಂದು ಬರಿದೇ ಘೋಷಿಸುವುದರಿಂದ ಆ ಕೆಲಸ ಆಗುವುದಿಲ್ಲ.

ಆಮೇಲೆ ವಸ್ತುಸ್ಥಿತಿ. ನೆರವು ಕೊಟ್ಟರೂ ಬೇಡ ಎನ್ನುತ್ತಾರೆ ಎಂಬ ಮಾತನ್ನು ಪರೀಕ್ಷಿಸಲು ಮಾಜಿ ಸೈನಿಕರ ಉದಾಹರಣೆಯೊಂದೇ ಸಾಕು. 2010ರ ಸುಮಾರಿಗೆ ಅಮೆರಿಕದಲ್ಲಿ ಮನೆಯಿಲ್ಲದ ಮಾಜಿ ಸೈನಿಕರು 74,000ದಷ್ಟಿದ್ದರು. ಯುದ್ಧದ ಆಘಾತ, ಕುಡಿತ, ಖಿನ್ನತೆ ಅವರಲ್ಲೂ ಧಾರಾಳವಾಗಿದ್ದವು. ಸರ್ಕಾರ ಅವರಿಗೆ ಬಾಡಿಗೆಯ ವೋಚರ್ ಕೊಟ್ಟು, ಜೊತೆಗೆ ಸೈನಿಕ ಕಲ್ಯಾಣ ಇಲಾಖೆಯಿಂದ ಚಿಕಿತ್ಸೆಯನ್ನೂ ನೆರವಿನ ಕಾರ್ಯಕರ್ತರನ್ನೂ ಒದಗಿಸಿತು. 2024ರ ಗಣತಿಯಲ್ಲಿ ಅವರ ಸಂಖ್ಯೆ 32,882. ಅದೇ ಅವಧಿಯ ಕೊನೆಯ ವರ್ಷಗಳಲ್ಲಿ ಉಳಿದವರ ಸಂಖ್ಯೆ ಏರುತ್ತಲೇ ಹೋಯಿತು. ಮಾಜಿ ಸೈನಿಕರ ಸ್ವಭಾವ ಬೇರೆ ಇರಲಿಲ್ಲ, ಅವರಿಗೆ ಸಿಕ್ಕ ನೆರವಿನ ಸ್ವರೂಪ ಬೇರೆ ಇತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆ 2023ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ, ಬೀದಿಗೆ ಬೀಳುವ ಮುಂಚಿನ ಆರು ತಿಂಗಳಲ್ಲಿ ಮನೆಯಿಲ್ಲದವರ ಕುಟುಂಬಗಳ ಮಧ್ಯಾಂಕ ಆದಾಯ ತಿಂಗಳಿಗೆ 960 ಡಾಲರ್ ಎಂದು ಕಂಡುಬಂತು. ಆ ರಾಜ್ಯದ ಬಾಡಿಗೆ ಗೊತ್ತಿದ್ದವರಿಗೆ ಇದರ ಮೇಲೆ ವಿವರಣೆ ಬೇಕಾಗಲಾರದು. ಇನ್ನು ಶಾರ್ಲೆಟ್ ಆರೋಪಿಯ ವಿಷಯ: 2025ರ ಜನವರಿಯಲ್ಲಿ, ತನ್ನ ಮೈಯೊಳಗೆ ಯಾವುದೋ ವಸ್ತು ಸೇರಿ ತನ್ನನ್ನು ಆಡಿಸುತ್ತಿದೆ ಎಂದು ಅವನೇ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದ್ದ. ಆ ಸಂಖ್ಯೆಯ ದುರ್ಬಳಕೆಯ ಆರೋಪ ಹೊರಿಸಿ ಬಂಧಿಸಿ, ಆಮೇಲೆ ಬಿಟ್ಟರು. ಮಗನನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಿ ಎಂದು ತಾನು ಪ್ರಯತ್ನಪಟ್ಟದ್ದನ್ನು ಅವನ ತಾಯಿ ಮಾಧ್ಯಮಗಳಿಗೆ ಹೇಳಿದ್ದಾರೆ. ನೆರವು ನಿರಾಕರಿಸುವವರ ಉದಾಹರಣೆಯೆಂದು ಸ್ಟುಡಿಯೋದಲ್ಲಿ ಬಳಕೆಯಾದ ಪ್ರಕರಣದ ಒಳಗಿನ ಸಂಗತಿ ಇದು.

ನನ್ನ ಮಾತಿಗೆ ಎದ್ದೇಳುವ ಆಕ್ಷೇಪಗಳಿವೆ. ನೇರ ಪ್ರಸಾರದಲ್ಲಿ ಗಂಟೆಗಟ್ಟಲೆ ಮಾತಾಡುವವರ ನಾಲಿಗೆ ಜಾರುತ್ತದೆ, ಕ್ಷಮೆ ಕೇಳಿದ ಮೇಲೂ ಕೆದಕುವುದೇಕೆ ಎನ್ನಬಹುದು. ಜಾರಿದ ನಾಲಿಗೆ ಅದೇ ಚರ್ಚೆಯಲ್ಲಿ ತಿದ್ದಿಕೊಳ್ಳಬಹುದಿತ್ತು. ಅದಾಗದಿದ್ದರೆ ಮರುದಿನ ಬೆಳಿಗ್ಗೆ ಅದೇ ಸೋಫಾ ಇತ್ತು. ನಾಲ್ಕು ದಿನ ಕಾದದ್ದು ಆತ್ಮಸಾಕ್ಷಿಗಾಗಿಯೋ ವಿಡಿಯೊ ಹರಡುವುದಕ್ಕಾಗಿಯೋ ಎಂಬ ಅನುಮಾನ ನೋಡುಗನ ತಪ್ಪಲ್ಲ. ಎರಡನೆಯದು ಇದಕ್ಕಿಂತ ಗಟ್ಟಿ ಆಕ್ಷೇಪ: ಸತ್ತವಳ ಬಗ್ಗೆ ಏನು? ರೈಲು ಹತ್ತಲು ಹೆದರುವ ಜನರ ಭಯ ಸುಳ್ಳೇ? ಸುಳ್ಳಲ್ಲ. ಆ ಭಯವನ್ನು ತಳ್ಳಿಹಾಕುವವರು ಮನೆಯಿಲ್ಲದವರಿಗೂ ಉಪಕಾರ ಮಾಡುವುದಿಲ್ಲ. ಆದರೆ 911ರ ಆ ಕರೆಗೆ ವೈದ್ಯರು ಉತ್ತರಿಸಿದ್ದರೆ ಅವಳು ಉಳಿಯಬಹುದಿತ್ತೇನೋ ಎಂಬ ಪ್ರಶ್ನೆ ಆ ಭಯವನ್ನು ಗೌರವಿಸುತ್ತದೆ. ಕೊಂದುಬಿಡಿ ಎಂಬ ಮಾತು ಅದನ್ನು ಬಳಸಿಕೊಳ್ಳುತ್ತದೆ. ಇನ್ನು, ಕಿಲ್‌ಮೀಡ್ ಅವರನ್ನು ಕೆಲಸದಿಂದ ತೆಗೆಯಬೇಕಿತ್ತು ಎನ್ನುವವರೊಂದಿಗೂ ನಾನಿಲ್ಲ. 2007ರ ಏಪ್ರಿಲ್‌ನಲ್ಲಿ ಕೆಲಸ ಕಳೆದುಕೊಂಡ ಐಮಸ್ ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ರೇಡಿಯೊ ಕೇಂದ್ರದಲ್ಲಿದ್ದರು. ವಜಾ ಮಾಡುವುದು ವಾಹಿನಿಗೆ ಅಗ್ಗದ ದಾರಿ. ಒಬ್ಬನನ್ನು ಕಳಿಸಿದರೆ ಅವನು ಆಡಿದ ಮಾತಿನ ಹೊಣೆಯೂ ಅವನ ಜೊತೆ ಹೊರಟುಹೋಗುತ್ತದೆ.

ಹಾಗಾದರೆ ಇಂಥ ಕ್ಷಮೆಗಳೆಲ್ಲ ವ್ಯರ್ಥವೇ? ಅಲ್ಲ. ಟೊಳ್ಳು ಕ್ಷಮೆ ಕೂಡ ಒಂದು ಗೆರೆ ಎಳೆಯುತ್ತದೆ, ಇದನ್ನು ಆಡಬಾರದು ಎಂದು ಒಪ್ಪುತ್ತದೆ. ಆ ಭಾನುವಾರ ಫಾಕ್ಸ್ ಸುಮ್ಮನಿದ್ದಿದ್ದರೆ ಸ್ಥಿತಿ ಇನ್ನೂ ಕೆಟ್ಟದಾಗಿರುತ್ತಿತ್ತು. ಆದರೆ ಸ್ವೀಕರಿಸುವವರಿಲ್ಲದ ಕಡೆ ಕ್ಷಮೆಯ ಸಾಚಾತನವನ್ನು ಮಾತಿನಿಂದ ಅಳೆಯಲಾಗುವುದಿಲ್ಲ, ತಿದ್ದುಪಡಿಯಿಂದ ಅಳೆಯಬೇಕು. ಒಳ್ಳೆಯ ಪತ್ರಿಕೆಗಳು ತಪ್ಪು ಅಂಕಿ ಅಚ್ಚಾದರೆ ವಿಷಾದಿಸುವುದರ ಜೊತೆಗೆ ಸರಿಯಾದ ಅಂಕಿಯನ್ನೂ ಕೊಡುತ್ತವೆ. ‘ಫಾಕ್ಸ್ ಆ್ಯಂಡ್ ಫ್ರೆಂಡ್ಸ್’ಗೆ ಸೋಮವಾರ ಬೆಳಿಗ್ಗೆ ಅದೇ ಮೂವರು ನಿರೂಪಕರ ಎದುರು ಒಬ್ಬ ಆಶ್ರಯತಾಣದ ಮೇಲ್ವಿಚಾರಕರನ್ನೂ, ವೋಚರ್ ಸಿಕ್ಕು ಮನೆ ಸೇರಿದ ಒಬ್ಬ ಮಾಜಿ ಸೈನಿಕನನ್ನೂ ಕೂರಿಸಲು ಕಷ್ಟವೇನಿರಲಿಲ್ಲ. ‘ನೆರವು ಬೇಡ ಎನ್ನುತ್ತಾರಂತೆ, ನಿಜವೇ?’ ಎಂದು ಜೋನ್ಸ್ ಅವರೇ ಕೇಳಬಹುದಿತ್ತು. ಉತ್ತರ ಅವರಿಗೆ ಹಿಡಿಸದಿದ್ದರೆ ವಾದಿಸಬಹುದಿತ್ತು. ಟಿವಿ ಇರುವುದೇ ಅದಕ್ಕೆ. ಆಗ ಆ ಕುರ್ಚಿಯಲ್ಲಿ ಕೂತವನಿಗೆ, ನೀವು ಕೇಳಿದ ಕ್ಷಮೆಯನ್ನು ನಾನು ಒಪ್ಪುವುದಿಲ್ಲ ಎಂದು ಹೇಳುವ ಅವಕಾಶವಾದರೂ ಸಿಗುತ್ತಿತ್ತು.