ಬ್ಯಾಗಿನ ಅಂಗಡಿಯವರು ಚಪ್ಪಲಿ ತೋರಿಸಿದಾಗ

(ಬೆಳಗಾವಿಯ ಮಹಿಳಾ ಮಂಡಳವೊಂದರ ತಿಂಗಳ ಕೂಟದಲ್ಲಿ ನಮ್ಮ ವರದಿಗಾರ್ತಿ ಆಡಿದ ಮಾತುಗಳ ಬರಹರೂಪ)

‘ಫ್ಯಾಷನ್ ಬಗ್ಗೆ ಏನಾದರೂ ಮಾತಾಡು’ ಎಂದು ಮಂಡಳದ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಹಿಂದೆಮುಂದೆ ನೋಡಿದ್ದು ನಿಜ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವಳು ನಾನು. ಕಬ್ಬಿನ ಬಾಕಿ, ಜಿಲ್ಲಾ ಪಂಚಾಯತಿ ಸಭೆ, ಬಸ್ ಅಪಘಾತ, ಇವೇ ನನ್ನ ದಿನದ ಸುದ್ದಿಗಳು. ಮಿಲಾನ್, ಪ್ಯಾರಿಸ್‌ಗಳ ಫ್ಯಾಷನ್ ಷೋಗಳನ್ನು ಬೆಂಗಳೂರಿನ ಡೆಸ್ಕಿನವರು ನೋಡಿಕೊಳ್ಳುತ್ತಾರೆ. ಆದರೆ 2025ರ ಜೂನ್ ಕೊನೆಯ ವಾರದಲ್ಲಿ ಮಿಲಾನಿನ ಒಂದು ಷೋ ಇದ್ದಕ್ಕಿದ್ದಂತೆ ನಮ್ಮ ಜಿಲ್ಲೆಯ ಸುದ್ದಿಯಾಯಿತು. ನಿಪ್ಪಾಣಿ, ಅಥಣಿಗಳ ಹೆಸರು ಫ್ಯಾಷನ್ ಪುಟದಲ್ಲಿ ಕಾಣಿಸಿಕೊಂಡಿತು. ಅದಕ್ಕಾಗಿಯೇ ಈ ಧೈರ್ಯ.

ಇಲ್ಲಿ ಕುಳಿತವರಲ್ಲಿ ಬಹುತೇಕ ಎಲ್ಲರ ತೊಡೆಯ ಮೇಲೂ ಒಂದೊಂದು ವ್ಯಾನಿಟಿ ಬ್ಯಾಗ್ ಇದೆ. ನಮ್ಮ ಅಜ್ಜಿಯಂದಿರಿಗೆ ಇದ್ದದ್ದು ಸೊಂಟಕ್ಕೆ ಸಿಕ್ಕಿಸುವ ಎಲೆಅಡಿಕೆಯ ಸಂಚಿ. ಸಂಚಿ ಎಂದಕೂಡಲೆ ಹೊನ್ನಮ್ಮ ನೆನಪಾಗುತ್ತಾಳೆ. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದವಳು, ‘ಹದಿಬದೆಯ ಧರ್ಮ’ ಬರೆದವಳು. ಕಾವ್ಯ ಬರೆದರೂ ಅವಳ ಹೆಸರಿನ ಮುಂದೆ ಇವತ್ತಿಗೂ ಉಳಿದಿರುವುದು ಅವಳು ಹೊತ್ತ ಚೀಲದ ಹೆಸರೇ. ಹೊರುವ ಚೀಲದಿಂದ ಮನುಷ್ಯರನ್ನು ಗುರುತಿಸುವ ಚಾಳಿ ಅರಮನೆಯೊಂದಿಗೆ ಹೋಗಲಿಲ್ಲ. ಈಗ ಅದರ ಮೇಲೆ ಕಂಪೆನಿಗಳು ನಡೆಯುತ್ತಿವೆ.

ಅಂಥ ಒಂದು ಕಂಪೆನಿ ಪ್ರಾಡಾ. ‘ದಿ ಡೆವಿಲ್ ವೇರ್ಸ್ ಪ್ರಾಡಾ’ ಎಂಬ 2006ರ ಇಂಗ್ಲಿಷ್ ಚಿತ್ರದಿಂದ ನಿಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬಹುದು. 1913ರಲ್ಲಿ ಮಾರಿಯೋ ಪ್ರಾಡಾ ಎಂಬಾತ ಮಿಲಾನಿನ ದೊಡ್ಡ ಗಾಜಿನ ಮಾಡಿನ ಪೇಟೆಯಲ್ಲಿ ತೆರೆದ ಚರ್ಮದ ಸರಕಿನ ಅಂಗಡಿ ಅದು. ಶ್ರೀಮಂತರ ಪ್ರಯಾಣದ ಪೆಟ್ಟಿಗೆ, ಕೈಚೀಲಗಳನ್ನು ಮಾರುತ್ತಿತ್ತು. 1919ರಲ್ಲಿ ಇಟಲಿಯ ರಾಜಮನೆತನಕ್ಕೆ ಸರಬರಾಜು ಮಾಡುವ ಗೌರವವೂ ಸಿಕ್ಕಿತು. 1978ರಲ್ಲಿ ಅಂಗಡಿ ಮೊಮ್ಮಗಳು ಮಿಯುಚಾ ಪ್ರಾಡಾ ಕೈಗೆ ಬಂತು. ಈಕೆ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು, ಮೂಕಾಭಿನಯ ಕಲಿತವಳು, ಕಮ್ಯುನಿಸ್ಟ್ ಪಕ್ಷದ ಮೆರವಣಿಗೆಗಳಲ್ಲಿ ನಡೆದವಳು. ಅಜ್ಜನ ಬ್ಯಾಗಿನಂಗಡಿ ನಡೆಸಲು ಇವಳೇ ಸರಿ ಎಂದು ಯಾರಿಗೂ ಅನ್ನಿಸಿರಲಾರದು.

1984ರಲ್ಲಿ ಆಕೆ ಒಂದು ಬ್ಯಾಗ್ ಹೊರತಂದಳು. ಬೆನ್ನಿಗೆ ಹಾಕುವ ಕಪ್ಪು ಚೀಲ. ಚರ್ಮದ್ದಲ್ಲ, ನೈಲಾನಿನದು, ಅದೂ ಸೈನ್ಯದ ಬಳಕೆಗೆ ನೇಯುತ್ತಿದ್ದಂಥ ಗಟ್ಟಿ ನೈಲಾನ್. ಮೇಲೆ ಒಂದು ಪುಟ್ಟ ತ್ರಿಕೋನದ ತಗಡು, ಅದರಲ್ಲಿ ಅಂಗಡಿಯ ಹೆಸರು. ಬೆಲೆ ಮಾತ್ರ ಚರ್ಮದ ಬ್ಯಾಗಿನಂತೆಯೇ ದುಬಾರಿ. ಗಿರಾಕಿಗಳು ಮೊದಲಿಗೆ ಅದರತ್ತ ತಿರುಗಿಯೂ ನೋಡಲಿಲ್ಲ. ಅವರದೂ ತಪ್ಪಲ್ಲ. ನಾಲ್ಕು ತಲೆಮಾರಿನಿಂದ ರೇಷ್ಮೆ ಮಾರುವ ಅಂಗಡಿಯವರು ಒಂದು ದಿನ ಟಾರ್ಪಾಲಿನ ಸೀರೆ ತೆಗೆದು ಹರಡಿ, ಪೈಠಣಿಯ ದರ ಹೇಳಿದರೆ ನಾವೇನು ಮಾಡುತ್ತಿದ್ದೆವು?

ಆದರೆ ಆ ದಶಕದ ಕೊನೆಯ ಹೊತ್ತಿಗೆ ಗಾಳಿ ತಿರುಗಿತು. ಎಂಬತ್ತರ ದಶಕದ ಥಳುಕಿನಿಂದ ಬೇಸತ್ತ ಉದ್ಯೋಗಸ್ಥ ಹೆಂಗಸರಿಗೆ ಹಗುರವಾದ, ಮಳೆಗೆ ಹೆದರದ, ಕೂಗಿ ಹೆಸರು ಹೇಳದ ಈ ಚೀಲ ಹಿಡಿಸಿತು. ಫ್ಯಾಷನ್ ಪತ್ರಿಕೆಗಳವರೇ ಹೆಗಲಿಗೇರಿಸಿದರು. ತೊಂಬತ್ತರ ದಶಕದಲ್ಲಿ ಅದರ ನಕಲುಗಳು ಬೀದಿಬೀದಿಯಲ್ಲಿ ಸಿಗುವಷ್ಟು ಹೆಸರಾಯಿತು. ನೈಲಾನ್ ಅದೇ, ತ್ರಿಕೋನ ಅದೇ. ಬದಲಾದದ್ದು ನೋಡುವ ಕಣ್ಣು. 1996ರ ಬೇಸಗೆಗೆಂದು ಆಕೆ ರೂಪಿಸಿದ ಉಡುಪುಗಳಿಗೂ ಹೀಗೇ ಆಯಿತು. ಕೆಸರಿನ ಕಂದು, ಪಾಚಿಯ ಹಸಿರು, ಅಡುಗೆಮನೆಯ ಪರದೆಯಂಥ ಚಿತ್ತಾರ. ‘ಇದೇನು ಕುರೂಪ’ ಎಂದವರುಂಟು. ಆಮೇಲೆ ಕುರೂಪವೇ ಹೊಸ ಚೆಲುವೆಂದು ಪಾಠ ಮಾಡಿದವರೂ ಉಂಟು. ನನ್ನನ್ನು ಕೇಳಿದರೆ ಪರದೆ ಪರದೆಯೇ. ಆದರೆ ಪ್ರಾಡಾ ಕಂಪೆನಿಗೆ ಒಂದು ಸಂಗತಿ ಅಭ್ಯಾಸವಾಯಿತು: ಜನ ಮೊದಲು ಮೂಗು ಮುರಿಯುತ್ತಾರೆ, ಕಾದರೆ ಕೊಳ್ಳುತ್ತಾರೆ.

ಈ ಷೋಗಳೆಂದರೆ ಏನೆಂದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ರ‍್ಯಾಂಪಿನ ಮೇಲೆ ಇವತ್ತು ನಡೆದದ್ದು ನಾಳೆ ಅಂಗಡಿಗೆ ಬರುವುದಿಲ್ಲ. ಮಾರಾಟದ ಕಾಲಕ್ಕೆ ಹಲವು ತಿಂಗಳು ಮೊದಲೇ ರೂಪದರ್ಶಿಗಳು ಅದನ್ನು ತೊಟ್ಟು ನಡೆಯುತ್ತಾರೆ. ಎದುರಿಗೆ ದೊಡ್ಡ ಮಳಿಗೆಗಳ ಖರೀದಿದಾರರು, ಪತ್ರಿಕೆಯವರು, ಸಿನಿಮಾದವರು. ಅವರ ಮುಖ ನೋಡಿ, ಕೇಳಿಕೆ ನೋಡಿ, ಯಾವುದನ್ನು ಎಷ್ಟು ತಯಾರಿಸಬೇಕೆಂದು ತೀರ್ಮಾನವಾಗುತ್ತದೆ. ಕೆಲವು ವಸ್ತುಗಳು ರ‍್ಯಾಂಪಿನಿಂದ ಕೆಳಗಿಳಿಯುವುದೇ ಇಲ್ಲ. ಇಂಥ ಕಂಪೆನಿಗಳಲ್ಲಿ ಕಣ್ಣು ಸೆಳೆಯುವುದು ಉಡುಪು, ಗಲ್ಲಾ ತುಂಬುವುದರಲ್ಲಿ ಬ್ಯಾಗು ಮತ್ತಿತರ ಚರ್ಮದ ಸರಕಿನದು ದೊಡ್ಡ ಪಾಲು. ಹಿಂದೆ ಈ ಮುಖ ನೋಡುವ ಕೆಲಸ ಆ ಒಂದು ಹಾಲಿನೊಳಗೇ ಮುಗಿಯುತ್ತಿತ್ತು. ಈಗ ಮೊಬೈಲ್ ಇದೆ; ಷೋ ಮುಗಿಯುವ ಮೊದಲೇ ಚಿಕ್ಕೋಡಿಯಲ್ಲಿ ಕುಳಿತವರೂ ನೋಡಬಹುದು.

2025ರ ಜೂನ್ 22ರಂದು ಮಿಲಾನಿನಲ್ಲಿ ಪ್ರಾಡಾದ ಗಂಡಸರ ಉಡುಪಿನ ಷೋ ನಡೆಯಿತು, 2026ರ ಬೇಸಗೆಗಾಗಿ. ಹಲವು ರೂಪದರ್ಶಿಗಳ ಕಾಲಿನಲ್ಲಿ ಚರ್ಮದ ಚಪ್ಪಲಿ: ಉಂಗುಷ್ಟ, ನಡುವೆ ಹಾದ ಹೆಣಿಗೆಯ ಪಟ್ಟಿ, ತೆಳುವಾದ ಅಟ್ಟೆ. ಅಲ್ಲಿದ್ದವರಿಗೆ ಅದು ‘ಚರ್ಮದ ಸ್ಯಾಂಡಲ್’. ಕಂಪೆನಿ ಹೇಳಿದ್ದೂ ಅಷ್ಟೇ. ನಮ್ಮಲ್ಲಿ ಚಿತ್ರ ಕಂಡವರಿಗೆ ಎರಡನೆಯ ಸಲ ನೋಡುವ ಅಗತ್ಯ ಬೀಳಲಿಲ್ಲ. ಅದು ಕೊಲ್ಹಾಪುರಿ.

ಮನೆಯಲ್ಲಿ ನಾನು ಮೊಬೈಲ್ ತೋರಿಸಿದಾಗ ನಮ್ಮ ಅವ್ವ, ‘ಇವು ನಿಮ್ಮ ಅಪ್ಪನ ಕಾಲಾಗಿನ ಜೋಡು ಅಲ್ಲೇನs?’ ಎಂದಳು. ಲಕ್ಷದ ಮೇಲೆ ಬೆಲೆಯಾಗಬಹುದೆಂದು ಆಗ ಸುದ್ದಿ ಹಬ್ಬಿತ್ತು. ಅದನ್ನು ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಲಕ್ಷ ರೂಪಾಯಿ ಜೋಡು ಗುಡಿ ಮುಂದ ಬಿಟ್ಟು ಒಳಗ ಹೋಗೂದು ಹ್ಯಾಂಗ?’ ಎಂದು ಕೇಳಿದಳು. ಆ ವಾರ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಇದು ವಾಸಿ ಎನ್ನಿಸಿತು.

ಗಮನಿಸಬೇಕಾದ್ದು, ಹೀಗೆ ಸಿಟ್ಟಾದವರು ಪ್ರಾಡಾದ ಗಿರಾಕಿಗಳಲ್ಲ. ಭಾರತದಲ್ಲಿ ಆ ಕಂಪೆನಿಗೆ ಆಗ ಬಟ್ಟೆಬರೆಯ ಅಂಗಡಿಯೇ ಇರಲಿಲ್ಲ. ಸಿಟ್ಟಾದವರು ಕೊಲ್ಹಾಪುರಿಯ ಗಿರಾಕಿಗಳು. ಬೆಲೆಗಿಂತ ಹೆಚ್ಚಾಗಿ ಅವರನ್ನು ಕೆರಳಿಸಿದ್ದು ಹೆಸರು ಹೇಳದೆ ಹೋದದ್ದು. ಇಲ್ಲಿ ಒಂದು ವಿಚಿತ್ರವಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಆದರೆ ಆ ಕಾಯಿದೆ ಮುಖ್ಯವಾಗಿ ಕಾಯುವುದು ಹೆಸರನ್ನು, ಊರಿನ ಗುರುತನ್ನು, ಚಪ್ಪಲಿಯ ಆಕಾರವನ್ನಲ್ಲ. ನಮ್ಮ ದೇಶದ ನೋಂದಣಿ ಇಟಲಿಯಲ್ಲಿ ತಾನಾಗಿ ನಡೆಯುವುದೂ ಇಲ್ಲ. ‘ಕೊಲ್ಹಾಪುರಿ’ ಎಂದು ಬರೆದು ಇಲ್ಲಿ ಮಾರಿದ್ದರೆ ಕಾನೂನು ಕೇಳುತ್ತಿತ್ತು. ಬರೆಯದೆ ಇದ್ದುದರಿಂದ ಜನ ಕೇಳಬೇಕಾಯಿತು. ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ನ್ಯಾಯಾಲಯ ಜುಲೈಯಲ್ಲಿ ಅದನ್ನು ತಳ್ಳಿಹಾಕಿತು. ನೋಂದಣಿಯ ಹಕ್ಕುದಾರರು ಬೇಕಿದ್ದರೆ ತಾವೇ ಬರಲಿ ಎಂಬುದು ಅದರ ನಿಲುವು.

ಜನರ ಕೂಗಿಗೆ ಮಾತ್ರ ಬೇಗ ಉತ್ತರ ಬಂತು. ಮಹಾರಾಷ್ಟ್ರದ ವಾಣಿಜ್ಯೋದ್ಯಮ ಸಂಸ್ಥೆ ಬರೆದ ಪತ್ರಕ್ಕೆ ಮಿಯುಚಾ ಅವರ ಮಗ ಲೊರೆಂಜೊ ಬೆರ್ತೆಲಿ ಆ ವಾರದಲ್ಲೇ ಉತ್ತರಿಸಿ, ಚಪ್ಪಲಿಗೆ ಭಾರತದ ಸಾಂಪ್ರದಾಯಿಕ ಕೈಕಸುಬೇ ಸ್ಫೂರ್ತಿ ಎಂದು ಒಪ್ಪಿಕೊಂಡರು. ಇನ್ನೂ ವಿನ್ಯಾಸದ ಹಂತದಲ್ಲಿದೆ, ತಯಾರಿಕೆ ತೀರ್ಮಾನವಾಗಿಲ್ಲ ಎಂದೂ ಹೇಳಿದರು. ಜುಲೈಯಲ್ಲಿ ಕಂಪೆನಿಯ ತಂಡವೊಂದು ಕೊಲ್ಹಾಪುರಕ್ಕೇ ಬಂದು ಕುಶಲಕರ್ಮಿಗಳನ್ನು ಕಂಡಿತು. ಹಿಂದೆ ನೈಲಾನ್ ಬ್ಯಾಗಿಗೆ ಮಾಡಿದಂತೆ ಕಾದು ಕುಳಿತಿದ್ದರೆ ನಡೆಯುತ್ತಿರಲಿಲ್ಲ. ಅಲ್ಲಿ ಗಿರಾಕಿಗೆ ವಸ್ತು ಹೊಸದಾಗಿತ್ತು, ಇಲ್ಲಿ ನೋಡುವವರಿಗೆ ವಸ್ತು ಅಜ್ಜನ ಕಾಲದ್ದು.

ಈಗ ನಮ್ಮ ಮಾತಿಗೆ ಬರೋಣ. ಜಿಐ ಮಾನ್ಯತೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಅತ್ತ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇತ್ತ. ಹಕ್ಕುದಾರರೂ ಇಬ್ಬರು, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್‌ಕರ್. ಗಲಾಟೆಯ ದಿನಗಳಲ್ಲಿ ರಾಜ್ಯದ ಸಚಿವ ಪ್ರಿಯಾಂಕ್ ಖರ್ಗೆ, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳ ಹೆಸರು ಎಲ್ಲೂ ಬರುತ್ತಿಲ್ಲವೆಂದು ನೆನಪಿಸಿದರು. ಮಾನ್ಯತೆ ಒಂದೇ ರಾಜ್ಯಕ್ಕೆ ಹೋಗದಂತೆ ಕರ್ನಾಟಕ ಹೋರಾಡಬೇಕಾಗಿತ್ತೆಂದೂ ಹೇಳಿದರು. ನನಗೆ ಇದು ತಟ್ಟಿತು. ಪ್ರಾಡಾ ಹೆಸರು ಬಿಟ್ಟಿತೆಂದು ಇಡೀ ದೇಶ ಕೂಗುವಾಗ, ಆ ಕೂಗಿನೊಳಗೇ ನಮ್ಮ ಅಥಣಿಯ ಹೆಸರು ಬಿಟ್ಟುಹೋಗಿತ್ತು. ನಮ್ಮ ಹಳ್ಳಿಗಳಲ್ಲಿ ಹೊಲಿದ ಜೋಡು ಕೊಲ್ಹಾಪುರದ ಪೇಟೆಯಲ್ಲಿ ಮಾರಾಟವಾಗಿ ಆ ಊರಿನ ಹೆಸರು ಪಡೆಯುವುದು ಹಳೆಯ ರೂಢಿ. ಯಾರದೂ ಮೋಸವಲ್ಲ, ಪೇಟೆಯ ಹೆಸರು ಸರಕಿಗೆ ಅಂಟಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಆದರೂ.

ಒಂದು ಜೋಡಿನ ಹಿಂದೆ ಎಷ್ಟು ಕೆಲಸವಿದೆ ನೋಡಿ. ಎಮ್ಮೆಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಯ ಕಷಾಯದಲ್ಲಿ ವಾರಗಟ್ಟಲೆ ನೆನೆಯಿಟ್ಟು ಹದಮಾಡಬೇಕು. ರಾಸಾಯನಿಕ ಹಾಕಿದರೆ ಬೇಗ ಆಗುತ್ತದೆ, ಆದರೆ ಈ ಚಪ್ಪಲಿಗೆ ಅದು ಸಲ್ಲದು. ಅಟ್ಟೆ ಕತ್ತರಿಸಿ, ಬಡಿದು, ಪದರ ಕೂಡಿಸಿ ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ಹಳೆಯ ಕ್ರಮದಲ್ಲಿ ಮೊಳೆಗೆ ಜಾಗವಿಲ್ಲ. ಮೇಲಿನ ಪಟ್ಟಿಯ ಹೆಣಿಗೆ, ತೂತಿನ ಚಿತ್ತಾರ ಬಹುಮಟ್ಟಿಗೆ ಹೆಂಗಸರ ಕೈಕೆಲಸ, ಮನೆಯ ಪಡಸಾಲೆಯಲ್ಲಿ ಕೂತು ಮಾಡುವಂಥದು. ಹೊಸದರಲ್ಲಿ ಕಾಲು ಕಚ್ಚುತ್ತದೆ, ಎಣ್ಣೆ ಸವರಿ ಪಳಗಿಸಬೇಕು. ಆಮೇಲೆ ನಿಮ್ಮ ಪಾದದ ಅಚ್ಚೇ ಅದರಲ್ಲಿ ಮೂಡುತ್ತದೆ. ಬೇರೆಯವರು ಮೆಟ್ಟಿದರೆ ಅವರಿಗೆ ಹಿತವಾಗುವುದಿಲ್ಲ.

ಈ ಕಸುಬಿನವರು ಹನ್ನೆರಡನೆಯ ಶತಮಾನದ ಹರಳಯ್ಯನನ್ನು ತಮ್ಮ ಹಿರಿಯನೆಂದು ನೆನೆಯುತ್ತಾರೆ. ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ಬಸವಣ್ಣನಿಗೆ ಒಪ್ಪಿಸಿದ ಕಥೆ ನಿಮಗೆಲ್ಲ ಗೊತ್ತು. ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನಂತೆ. ಕಥೆಯನ್ನು ನಾವು ಕೈಮುಗಿದು ಕೇಳುತ್ತೇವೆ. ಸಂತೆಯಲ್ಲಿ ಮಾತ್ರ, ಎರಡು ದಿನ ಕೂತು ಹೊಲಿದವನ ಎದುರು ‘ಐವತ್ತು ಬಿಡೋ, ನೂರು ಬಿಡೋ’ ಎಂದು ಚೌಕಾಸಿ ಮಾಡುತ್ತೇವೆ. ಯಂತ್ರದಲ್ಲಿ ಮಾಡಿದ ರೆಕ್ಸಿನ್ ಜೋಡಿಗೂ ‘ಕೊಲ್ಹಾಪುರಿ’ ಎಂಬ ಹೆಸರಿಟ್ಟು ನಮ್ಮದೇ ಬಜಾರಿನಲ್ಲಿ ಮಾರುತ್ತಾರೆ. ಅದರ ಬಗ್ಗೆ ಯಾರೂ ಹೈಕೋರ್ಟಿಗೆ ಹೋದದ್ದನ್ನು ನಾನು ವರದಿ ಮಾಡಿಲ್ಲ. ಪ್ರಾಡಾದ ಮೇಲೆ ಸಿಟ್ಟಾದ ಗಿರಾಕಿಗಳಲ್ಲಿ ನಾನೂ ಒಬ್ಬಳು, ಚೌಕಾಸಿ ಮಾಡಿದವರಲ್ಲೂ ಒಬ್ಬಳು.

2025ರ ಡಿಸೆಂಬರಿನಲ್ಲಿ ಪ್ರಾಡಾ, ಲಿಡ್‌ಕಾಮ್ ಮತ್ತು ಲಿಡ್‌ಕರ್ ಮೂರೂ ಕೂಡಿ ಮುಂಬಯಿಯಲ್ಲಿ ಒಪ್ಪಂದ ಮಾಡಿಕೊಂಡವು. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ 2,000 ಜೊತೆ ಚಪ್ಪಲಿ ತಯಾರಿಸಿ, 2026ರ ಫೆಬ್ರುವರಿಯಿಂದ ಜಗತ್ತಿನ 40 ಪ್ರಾಡಾ ಅಂಗಡಿಗಳಲ್ಲಿ ಮಾರುವುದಾಗಿ ಪ್ರಕಟಿಸಿದರು. ಬೆಲೆ ಸುಮಾರು 800 ಯೂರೊ, ಆಗಿನ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಯ ಮೇಲೆ. ಕುಶಲಕರ್ಮಿಗಳಿಗೆ ಮೂರು ವರ್ಷಗಳ ತರಬೇತಿಯ ಯೋಜನೆಯೂ ಉಂಟು. ಇಟಲಿಯ ಪ್ರಾಡಾ ಅಕಾಡೆಮಿಗೆ ಹೋಗುವ ಅವಕಾಶವೂ ಅದರಲ್ಲಿದೆ.

2,000 ಜೊತೆ ಎಂದರೆ ಎಂಟು ಜಿಲ್ಲೆಯ ಕಸುಬಿಗೆ ದೊಡ್ಡದೇನಲ್ಲ. ಎಂಬತ್ತು ಸಾವಿರ ಚಪ್ಪಲಿಯ ಬೆಲೆಯೂ ಅಲ್ಲ. ಅದು ಆ ತ್ರಿಕೋನದ ತಗಡಿನ ಬೆಲೆ, 1984ರಿಂದ ಬೆಳೆಸಿಕೊಂಡು ಬಂದದ್ದು. ಅದಕ್ಕೆ ನನ್ನ ತಕರಾರಿಲ್ಲ. ಕೊಳ್ಳುವವರು ಕೊಳ್ಳಲಿ. ನನಗೆ ಮುಖ್ಯವೆನ್ನಿಸಿದ್ದು ಒಪ್ಪಂದದ ಕಾಗದದ ಮೇಲೆ ಲಿಡ್‌ಕರ್ ಸಹಿ ಬಿದ್ದದ್ದು. ಯೋಜನೆಯ ಹೆಸರಿನಲ್ಲಿ ‘ಕೊಲ್ಹಾಪುರಿ ಚಪ್ಪಲಿ’ ಎಂಬ ಮಾತು ಸೇರಿದೆ, ಜೂನ್‌ನಲ್ಲಿ ಅದೂ ಇರಲಿಲ್ಲ. ಅಥಣಿ ಇನ್ನೂ ಸೇರಿಲ್ಲ.

ಕಾರ್ಯದರ್ಶಿಯವರು ಗಡಿಯಾರ ನೋಡುತ್ತಿದ್ದಾರೆ, ಚಹಾ ಆರುತ್ತಿದೆ. ಪ್ರಾಡಾ ಬ್ಯಾಗ್ ತೋರಿಸೆಂದರೆ ನನ್ನ ಹತ್ತಿರ ಇಲ್ಲ. ಜೋಡು ಮಾತ್ರ ಹೊರಗೆ ಬಾಗಿಲ ಹತ್ತಿರ ಬಿಟ್ಟಿದ್ದೇನೆ, ನಿಪ್ಪಾಣಿಯ ಸಂತೆಯಲ್ಲಿ ಕೊಂಡದ್ದು. ಎಡಗಾಲಿನದರ ಉಂಗುಷ್ಟ ಸ್ವಲ್ಪ ಸಡಿಲವಾಗಿದೆ. ಹೋಗುವಾಗ ನೋಡಬಹುದು.